ಡಬ್ಬಿಯಲ್ಲಿ ಬೇರಿರಲಿ, ಆಮೆ ಬಯಲಲ್ಲಿರಲಿ

ಸಂತೆ ಮುರಿದ ಮೇಲೆ ಇಂಡಿಯಾಗಲಿ, ಸಿಂದಗಿಯಾಗಲಿ, ಮುದ್ದೇಬಿಹಾಳವಾಗಲಿ, ಬಸವನ ಬಾಗೇವಾಡಿಯಾಗಲಿ, ಕಾಯಿಪಲ್ಯೆ ಸಾಲಿನಲ್ಲಿ ಉಳಿಯುವುದು ಒಂದೇ: ಬೇರು, ದಂಟು, ಬಾಡಿದ ತಪ್ಪಲು. ಬಿಡಾಡಿ ದನ ತಿಂದಷ್ಟು ತಿಂದವು, ಉಳಿದದ್ದು ಗಟಾರಕ್ಕೆ. ಮನೆಮನೆಯಲ್ಲೂ ಅದೇ ಕಥೆ. ರೊಕ್ಕ ಕೊಟ್ಟು ತಂದ ಸೂಡಿನ ತುದಿ ಮಾತ್ರ ಸಾರಿಗೆ, ಬುಡ ತಿಪ್ಪೆಗೆ.

ಆ ಬುಡಕ್ಕೆ ಇನ್ನೂ ಜೀವ ಇರುತ್ತದೆ ಎಂಬುದು ಹಳೆಯ ಹೆಂಗಸರಿಗೆ ಗೊತ್ತಿತ್ತು. ಉಳ್ಳಾಗಡ್ಡಿ ತಪ್ಪಲನ್ನು ಬೇರಿನ ಮೇಲೆ ಎರಡು ಬೆರಳು ಬಿಟ್ಟು ಕೊಯ್ದು, ಆ ಬುಡವನ್ನು ಒಂದು ಲೋಟದಲ್ಲಿ ಬೇರು ಮುಳುಗುವಷ್ಟೇ ನೀರು ಹಾಕಿ ನಿಲ್ಲಿಸಿದರೆ ವಾರದೊಳಗೆ ಹೊಸ ಹಸಿರು ಏಳುತ್ತದೆ. ನೀರು ಮಾತ್ರ ದಿನ ಬಿಟ್ಟು ದಿನ ಬದಲಾಗಬೇಕು, ಇಲ್ಲವೆಂದರೆ ಕೊಳೆತು ನಾರುತ್ತದೆ. ಪುದೀನಾ ಕಡ್ಡಿಯ ಕೆಳಗಿನ ಎಲೆ ಕಿತ್ತು ನೀರಲ್ಲಿಟ್ಟರೆ ಬೇರು ಬಿಡುತ್ತದೆ, ಆಮೇಲೆ ಮಣ್ಣಿಗೆ ಹಾಕಬಹುದು. ಪಾಲಕ ಬೇರು ಸಹಿತ ಸಿಕ್ಕರೆ ಅದನ್ನೂ ಮಣ್ಣಿಗೇ ಊರಬೇಕು. ಮೂಲಂಗಿ, ಗಜ್ಜರಿಯ ತಲೆ ತಾಟಿನಲ್ಲಿಟ್ಟರೆ ತಪ್ಪಲು ಬರುತ್ತದೆ. ಗಡ್ಡೆ ಮಾತ್ರ ಮತ್ತೆ ಬರುವುದಿಲ್ಲ, ಅಷ್ಟು ಆಸೆ ಬೇಡ.

ಇದಕ್ಕೆ ಮಿತಿಯೂ ಉಂಟು. ಬರೀ ನೀರಿನಲ್ಲಿ ನಿಂತ ಬುಡ ತನ್ನಲ್ಲಿ ಕೂಡಿಟ್ಟ ಸತ್ವವನ್ನೇ ಖರ್ಚು ಮಾಡಿ ಚಿಗುರುತ್ತದೆ. ಗಂಟು ಕರಗಿದ ಮೇಲೆ ಚಿಗುರೂ ಮುಗಿಯಿತು. ಮುಂದುವರಿಯಬೇಕಾದರೆ ಮಣ್ಣು ಬೇಕು, ಗೊಬ್ಬರ ಬೇಕು. ಕೊತ್ತಂಬರಿಗೆ, ಮೆಂತೆಗೆ ಬುಡಕ್ಕಿಂತ ಒಗ್ಗರಣೆ ಡಬ್ಬಿಯ ಕಾಳೇ ವಾಸಿ. ಕೊತ್ತಂಬರಿ ಕಾಳನ್ನು ತಿಕ್ಕಿ ಎರಡು ಹೋಳು ಮಾಡಿ ಬಿತ್ತಬೇಕು. ಮೆಂತೆಯಂತೂ ಮೂರ್ನಾಲ್ಕು ವಾರಕ್ಕೆ ಕೊಯ್ಲಿಗೆ ಬರುತ್ತದೆ. ಬ್ಯಾಳಿ, ಅಕ್ಕಿ ತೊಳೆದ ನೀರು ಗಟಾರಕ್ಕೆ ಹೋಗುವ ಬದಲು ಡಬ್ಬಿಗೆ ಹೋದರಾಯಿತು. ಬ್ಯಾಸಿಗಿ ಬಿಸಿಲು ಈ ಕಡೆ ಹೇಗಿರುತ್ತದೆ ಎಂದು ಯಾರಿಗೂ ಹೇಳಬೇಕಿಲ್ಲ, ಮಧ್ಯಾಹ್ನಕ್ಕೆ ನೆರಳು ಬೇಕೇಬೇಕು.

ಇಷ್ಟರ ಮಟ್ಟಿಗೆ ಯಾರ ತಕರಾರೂ ಇರಲಾರದು. ತಕರಾರು ಇರುವುದು, ಹೀಗೆ ಬೆಳೆದ ತಪ್ಪಲು ಯಾರ ಬಾಯಿಗೆ ಹೋಗುತ್ತದೆ ಎಂಬಲ್ಲಿ. ಮಕ್ಕಳ ತಾಟಿಗೆ ಹೋದರೆ ಛಲೋ. ಆಡಿನ ಬಾಯಿಗೆ ಹೋದರೂ ಛಲೋ. ಕೆಲವು ಮನೆಗಳಲ್ಲಿ ಅದು ಹೋಗುವುದು ಬಚ್ಚಲ ಮೂಲೆಯ ಟಬ್ಬಿನಲ್ಲಿರುವ ಆಮೆಗೆ!

ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ಇರುತ್ತಾಳೆ ಎಂಬ ಮಾತು ಪ್ಯಾಟಿಯಲ್ಲಿ ಬೇರೂರಿದೆ. ಗಲ್ಲಾದ ಪಕ್ಕ ಹಿತ್ತಾಳೆ ಆಮೆಯನ್ನು ನೀರಿನ ಬಟ್ಟಲಲ್ಲಿಟ್ಟು ಊದಿನಕಡ್ಡಿ ಹಚ್ಚುವ ಅಂಗಡಿಗಳಿಗೆ ಲೆಕ್ಕವಿಲ್ಲ. ಅದರಿಂದ ಯಾರಿಗೂ ತ್ರಾಸಿಲ್ಲ. ಗುಡಿಯ ನೆಲಹಾಸಿನಲ್ಲೂ ಕೂರ್ಮನನ್ನು ಕೆತ್ತಿದ್ದಾರೆ. ಆದರೆ ಹಿತ್ತಾಳೆಯದಕ್ಕಿಂತ ಜೀವಂತದ್ದು ಹೆಚ್ಚು ಫಲ ಕೊಡುತ್ತದೆ ಎಂದು ಯಾರೋ ಕಿವಿಯಲ್ಲಿ ಊದುತ್ತಾರೆ. ಆಗ ಶುರುವಾಗುತ್ತದೆ ಕಳ್ಳ ವ್ಯಾಪಾರ.

ಹೀಗೆ ಮಾರಾಟವಾಗುವುದರಲ್ಲಿ ಮುಖ್ಯವಾದದ್ದು ನಕ್ಷತ್ರ ಆಮೆ. ಕರಿ ಚಿಪ್ಪಿನ ಮೇಲೆ ಹಳದಿ ಗೆರೆಗಳ ಚಿಕ್ಕೆ ಇರುವ ನೆಲದ ಆಮೆ. ಕುರುಚಲು ಕಾಡು, ಹುಲ್ಲುಗಾವಲು ಅದರ ಮನೆ. ಜಗತ್ತಿನಲ್ಲಿ ಅತಿ ಹೆಚ್ಚು ಕಳ್ಳಸಾಗಣೆಯಾಗುವ ಆಮೆಗಳಲ್ಲಿ ಇದೂ ಒಂದು. 2018ರ ನವೆಂಬರಿನಲ್ಲಿ ಸಿಂಗಾಪುರದಲ್ಲಿ ರಕ್ಷಿಸಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಕರ್ನಾಟಕಕ್ಕೆ ವಾಪಸ್ ತರಬೇಕಾಯಿತು. 2019ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಅತಿ ಬಿಗಿಯಾದ ಪಟ್ಟಿಗೆ ಇದನ್ನು ಸೇರಿಸಲಾಯಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಅದನ್ನು ಮೊದಲನೇ ಅನುಸೂಚಿಗೆ, ಅಂದರೆ ಹುಲಿ, ಆನೆಗಳ ಸಾಲಿಗೆ ಏರಿಸಿತು.

"ಮನ್ಯಾಗ ಇಟ್ಟು ಪಲ್ಯಾ ಹಾಕಿ ಸಾಕಿದ್ರ ಏನ್ ತಪ್ಪ್ರೀ? ಕೊಂದೀವೇನ್ರೀ ನಾವು?" ಎಂದು ಕೇಳುವವರು ಇದ್ದಾರೆ. ಕಾಯ್ದೆ ಪ್ರೀತಿಯನ್ನು ಅಳೆಯುವುದಿಲ್ಲ. ಮೊದಲನೇ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು, ಕಡಿಮೆಯೆಂದರೆ 25,000 ರೂಪಾಯಿ ದಂಡ. ಲಕ್ಷ್ಮಿ ಬರಲಿ ಎಂದು ತಂದದ್ದು ಮನೆಯ ಯಜಮಾನನನ್ನೇ ಹೊರಗೆ ಕಳಿಸಿದರೆ ಅದು ಎಂಥ ಲಾಭ?

ಕಾಯ್ದೆ ಒತ್ತಟ್ಟಿಗಿರಲಿ. ಪ್ರೀತಿಯಿಂದ ಸಾಕುತ್ತೇವೆ ಎನ್ನುವವರ ಪ್ರೀತಿಯಾದರೂ ಆಮೆಗೆ ತಲುಪುತ್ತದೆಯೇ? ಬಯಲಿನಲ್ಲಿ ನಕ್ಷತ್ರ ಆಮೆ ತಿನ್ನುವುದು ಹೆಚ್ಚಾಗಿ ನಾರಿನ ಹುಲ್ಲು, ಕಾಡು ಎಲೆ, ಹೂವು, ಉದುರಿದ ಹಣ್ಣು. ಲೋಟದ ನೀರಿನಲ್ಲಿ ಚಿಗುರಿದ ತಪ್ಪಲಿನಲ್ಲಿ ನೀರೇ ಹೆಚ್ಚು, ನಾರು ಕಡಿಮೆ. ಪಾಲಕ, ರಾಜಗಿರಿ, ಪುಂಡಿಪಲ್ಯೆ ಮನುಷ್ಯರ ರೊಟ್ಟಿಗೆ ರುಚಿ. ಆದರೆ ಅವುಗಳಲ್ಲಿರುವ ಆಕ್ಸಾಲಿಕ್ ಆಮ್ಲ ಸುಣ್ಣದಂಶವನ್ನು ಹಿಡಿದಿಟ್ಟು ಮೈಗೆ ಹತ್ತಗೊಡುವುದಿಲ್ಲ. ದಿನಾ ಅದನ್ನೇ ಹಾಕಿದರೆ ಚಿಪ್ಪು ಗಟ್ಟಿಯಾಗುವುದು ಹೇಗೆ? ಎಲ್ಲಕ್ಕಿಂತ ಸುಲಭವಾಗಿ ಚಿಗುರುವ ಉಳ್ಳಾಗಡ್ಡಿ ತಪ್ಪಲಂತೂ ಅದಕ್ಕೆ ಆಗಿಬರುವುದೇ ಇಲ್ಲ. ಮೇಲಾಗಿ ಮೈಗೆ ಬಿಸಿಲು ಬೀಳದಿದ್ದರೆ ತಿಂದ ಸುಣ್ಣದಂಶವೂ ದಕ್ಕದು. ನೆಲದ ಆಮೆಯನ್ನು ನೀರಿನ ಟಬ್ಬಿನಲ್ಲಿಡುವುದೆಂದರೆ ಕುರಿಯನ್ನು ಕೆರೆಯಲ್ಲಿ ಕಟ್ಟಿದ ಹಾಗೆ. ಆಮೆ ಕೂಗುವುದಿಲ್ಲ, ಒದರುವುದಿಲ್ಲ. ತಿಂಗಳುಗಟ್ಟಲೆ ಸುಮ್ಮನೆ ಸವೆಯುತ್ತದೆ. ಮನೆಯವರು ಮಾತ್ರ "ಭಾಳ ಶಾಂತ ಐತ್ರೀ" ಅನ್ನುತ್ತಾರೆ.

ಇನ್ನೊಂದು ಜಾತಿ, ದೊಡ್ಡ ಊರುಗಳ ಮೀನಿನ ಅಂಗಡಿಗಳಿಂದ ಬರುವ ಕೆಂಪು ಕಿವಿಯ ಪುಟ್ಟ ಆಮೆ. ಇದು ಅಮೆರಿಕದ್ದು, ನೀರಿನದ್ದು. ಕೂಸು ಅತ್ತಿತೆಂದು ಕೊಡಿಸಿದ ನಾಣ್ಯದಷ್ಟು ಮರಿ ಕೆಲವೇ ವರ್ಷಗಳಲ್ಲಿ ತಾಟಿನಷ್ಟಾಗುತ್ತದೆ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುತ್ತದೆಂಬ ಕಾರಣಕ್ಕೆ ಅಮೆರಿಕವೇ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿತು. ಬೇಸರವಾದಾಗ ಜನ ಮಾಡುವುದೇನು? ಕಾಲುವೆಗೋ ಕೆರೆಗೋ ಬಿಟ್ಟು "ಪುಣ್ಯ ಬಂತು" ಅನ್ನುತ್ತಾರೆ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ. ಇಂಡಿ, ಸಿಂದಗಿ ಕಡೆ ಭೀಮಾ, ಮುದ್ದೇಬಿಹಾಳ, ಬಾಗೇವಾಡಿ ಕಡೆ ಕೃಷ್ಣಾ, ಆಲಮಟ್ಟಿ ಹಿನ್ನೀರು, ಊರೂರಿಗೆ ಕಾಲುವೆ. ಒಮ್ಮೆ ಇದು ಅಲ್ಲಿ ನೆಲೆಯೂರಿದರೆ ಸ್ಥಳೀಯ ಆಮೆಗಳ ಕೂಳಿಗೆ ಸಂಚಕಾರ.

ಹಾಗಾದರೆ ಈಗಾಗಲೇ ಮನೆಯಲ್ಲಿ ಆಮೆ ಇದ್ದವರು ಏನು ಮಾಡಬೇಕು? ಮುಚ್ಚಿಡಬಾರದು, ಮಾರಬಾರದು, ರಾತ್ರೋರಾತ್ರಿ ಹೊಲಕ್ಕೋ ಹೊಳೆಗೋ ಬಿಡಲೂಬಾರದು. ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಾವಾಗಿಯೇ ತಿಳಿಸಿ ಒಪ್ಪಿಸುವುದೇ ದಾರಿ. ಇಲಾಖೆಯೂ ಒಂದು ಮಾತು ನೆನಪಿಡಬೇಕು. ತಾನಾಗಿ ಬಂದವನನ್ನು ಕಳ್ಳನಂತೆ ಕಂಡರೆ ಎರಡನೆಯವನು ಬರುವುದಿಲ್ಲ. ಮಾರುವ ದಲ್ಲಾಳಿಯ ಮೇಲೆ ಬೀಳಬೇಕಾದ ಕೋಲು, ತಿಳಿಯದೆ ಕೊಂಡ ಬಡವನ ಮೇಲಷ್ಟೇ ಬಿದ್ದರೆ ಈ ವ್ಯಾಪಾರ ನಿಲ್ಲುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಸಂತೆಯ ಬಾಗಿಲಲ್ಲಿ ಎರಡು ಸಾಲಿನ ಬೋರ್ಡು ಹಾಕಲು ಎಷ್ಟು ಖರ್ಚಾದೀತು?

ಪುರಸಭೆಗಳಿಗೂ ಒಂದು ಕೆಲಸವಿದೆ. ಸಂತೆ ಮುಗಿದ ಮೇಲೆ ಗಟಾರ ಸೇರುವ ತಪ್ಪಲು, ಬೇರುಗಳಿಗೆ ಬೇರೆ ಡಬ್ಬಿ ಇಟ್ಟರೆ ಆಕಳಿಗೆ ಮೇವು, ಹೊಲಕ್ಕೆ ಗೊಬ್ಬರ. ಪ್ಲಾಸ್ಟಿಕ್ ಚೀಲದೊಂದಿಗೆ ಕೂಡಿದರೆ ಅದೇ ತಪ್ಪಲು ದನದ ಹೊಟ್ಟೆಗೆ ವಿಷ.

ಮನೆಯ ಕಟ್ಟೆಯ ಮೇಲೆ ಒಡೆದ ಬಕೀಟಿನಲ್ಲಿ ಮೆಂತೆ ಚಿಗುರಲಿ, ಹಳೇ ಎಣ್ಣೆ ಡಬ್ಬಿಯಲ್ಲಿ ಪುದೀನಾ ಹಬ್ಬಲಿ. ಬೆಳೆಸುವ ಸುಖ ಬೇಕೆಂದವರಿಗೆ ಅಷ್ಟು ಸಾಕು. ಅಂಗಡಿಕಾರರಿಗೆ ಆಮೆಯ ಮೇಲೆ ಅಷ್ಟೊಂದು ನಂಬಿಕೆ ಇದ್ದರೆ ಗಲ್ಲಾದ ಪಕ್ಕದ ಹಿತ್ತಾಳೆಯದೇ ಇರಲಿ. ಅದು ಹಸಿಯುವುದಿಲ್ಲ, ಸಾಯುವುದಿಲ್ಲ, ಪೊಲೀಸರನ್ನೂ ಕರೆತರುವುದಿಲ್ಲ.