ಚಂದಾದಾರನೆಂಬ ಒಡೆಯ

ಪತ್ರಿಕೆಯೊಂದರ ಚಂದಾದಾರರ ಸಂಖ್ಯೆಯನ್ನು ಹೆಚ್ಚಿಸುವುದು ಹೇಗೆ ಎಂಬುದು ಪತ್ರಿಕೆಗಳಷ್ಟೇ ಹಳೆಯದಾದ ಪ್ರಶ್ನೆ. ಬೆಲೆ ಇಳಿಸುವುದು, ಉಡುಗೊರೆ ಕೊಡುವುದು, ಊರೂರಿಗೆ ಪ್ರತಿನಿಧಿಗಳನ್ನು ನೇಮಿಸಿ ಕಮಿಷನ್ ನೀಡುವುದು ಇದಕ್ಕೆ ರೂಢಿಯಲ್ಲಿರುವ ಉತ್ತರಗಳು. ಕೋಟ್ಯಂತರ ಜನರು ಓದುವ ಭಾಷೆಯ ಪತ್ರಿಕೆಗೆ ಈ ಉಪಾಯಗಳು ಸಾಕಾಗಬಹುದು. ತನ್ನ ಭಾಷೆಯ ರಾಜ್ಯದಿಂದ ಹೊರಗೆ, ಬೇರೊಂದು ಭಾಷೆಯ ಆಡಳಿತದ ನಡುವೆ ಅಚ್ಚಾಗುವ ಪತ್ರಿಕೆಯ ಸ್ಥಿತಿ ಬೇರೆ. ಅಲ್ಲಿ ಆ ಲಿಪಿಯನ್ನು ಓದಬಲ್ಲವರ ಸಂಖ್ಯೆಗೇ ಒಂದು ಮಿತಿ ಇರುತ್ತದೆ. ಆ ಮಿತಿಯೊಳಗೆ ಪತ್ರಿಕೆಯೊಂದು ಬೆಳೆಯುವುದು ಹೇಗೆ ಎಂಬುದನ್ನು ತಿಳಿಯಲು, ನೂರ ಇಪ್ಪತ್ತು ವರ್ಷಗಳ ಹಿಂದೆ ದಕ್ಷಿಣ ಆಫ್ರಿಕದಲ್ಲಿ ನಡೆಯುತ್ತಿದ್ದ ಒಂದು ವಾರಪತ್ರಿಕೆಯ ಲೆಕ್ಕಪುಸ್ತಕವನ್ನು ನೋಡಬೇಕು.

‘ಇಂಡಿಯನ್ ಒಪಿನಿಯನ್’ ಪತ್ರಿಕೆ 1903ರ ಜೂನ್ ತಿಂಗಳಲ್ಲಿ ಡರ್ಬನ್ ನಗರದಲ್ಲಿ ಆರಂಭವಾಯಿತು. ಮುದ್ರಣಾಲಯದ ಒಡೆಯರು ಮದನ್‌ಜಿತ್ ವ್ಯವಹಾರಿಕ್. ಮೊದಲ ಸಂಪಾದಕರು ಮನಸುಖಲಾಲ್ ನಾಜರ್. ಹಣ ಮತ್ತು ಬರೆಹದ ಹೆಚ್ಚಿನ ಭಾರ ಬಿದ್ದದ್ದು ಜೋಹಾನ್ಸ್‌ಬರ್ಗ್‌ನಲ್ಲಿ ವಕೀಲಿ ನಡೆಸುತ್ತಿದ್ದ ಮೋಹನದಾಸ ಗಾಂಧಿಯವರ ಮೇಲೆ. ಇಂಗ್ಲಿಷ್, ಗುಜರಾತಿ, ಹಿಂದಿ, ತಮಿಳು ಎಂಬ ನಾಲ್ಕು ಭಾಷೆಗಳಲ್ಲಿ ಪತ್ರಿಕೆ ಹೊರಡುತ್ತಿತ್ತು. ಓದುವವರು ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಬಂದವರು, ಕರಾರು ಮುಗಿಸಿ ನೆಲೆನಿಂತವರು ಮತ್ತು ವ್ಯಾಪಾರಿಗಳು. ಎಲ್ಲರೂ ತಾಯ್ನಾಡಿನಿಂದ ಸಾವಿರಾರು ಮೈಲಿ ದೂರ ಇದ್ದವರು.

ಆರಂಭದ ದಿನಗಳು ಆಶಾದಾಯಕವಾಗಿರಲಿಲ್ಲ. ಒಂದು ಹಂತದಲ್ಲಿ ತಿಂಗಳಿಗೆ 75 ಪೌಂಡುಗಳನ್ನು ಗಾಂಧಿಯವರು ತಮ್ಮ ವಕೀಲಿಯ ಗಳಿಕೆಯಿಂದ ಕಳಿಸಬೇಕಾಯಿತು. 1904ರಲ್ಲಿ ಆಲ್ಬರ್ಟ್ ವೆಸ್ಟ್ ಎಂಬ ಇಂಗ್ಲಿಷ್ ಗೆಳೆಯರು ತಿಂಗಳಿಗೆ 10 ಪೌಂಡು ಸಂಬಳ ಮತ್ತು ಲಾಭ ಬಂದರೆ ಅದರಲ್ಲಿ ಪಾಲು ಎಂಬ ಒಪ್ಪಂದದ ಮೇಲೆ ಮುದ್ರಣಾಲಯದ ಹೊಣೆ ಹೊತ್ತರು. ಲಾಭವಿದೆಯೆಂದು ಒಡೆಯರು ಹೇಳಿದ್ದರು. ಗಾಂಧಿಯವರು ಅದನ್ನು ಪರಿಶೀಲಿಸದೆ ನಂಬಿದ್ದರು. ಲೆಕ್ಕಪುಸ್ತಕ ತೆರೆದ ವೆಸ್ಟರಿಗೆ ಕಂಡದ್ದು ಬೇರೆ. ವಸೂಲಾಗಬೇಕಾದ ಬಾಕಿ ವಿಪರೀತವಾಗಿತ್ತು. ಯಾರಿಂದ ಎಷ್ಟು ಬರಬೇಕೆಂಬುದಕ್ಕೆ ಪುಸ್ತಕದಲ್ಲಿ ತಲೆಬುಡವಿರಲಿಲ್ಲ. ಲಾಭದ ಸುಳಿವಂತೂ ಇರಲೇ ಇಲ್ಲ. ತಮಗೆ ಖಚಿತವಿಲ್ಲದ ಮಾತನ್ನು ಸಾರ್ವಜನಿಕ ಕಾರ್ಯಕರ್ತರು ಇನ್ನೊಬ್ಬರಿಗೆ ಹೇಳಬಾರದೆಂಬ ಪಾಠವನ್ನು ಗಾಂಧಿಯವರು ಈ ಪ್ರಸಂಗದಿಂದ ಕಲಿತುದಾಗಿ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಚಂದಾದಾರರ ಸಂಖ್ಯೆ ಬೆಳೆಯಬೇಕಾದರೆ ಮೊದಲು ಬೇಕಾದದ್ದು ಇಂತಹ ಸತ್ಯವಾದ ಲೆಕ್ಕ. ಕಾಗದದ ಮೇಲೆ ಸಾವಿರ ಹೆಸರುಗಳಿದ್ದು, ಅವುಗಳಲ್ಲಿ ಮುನ್ನೂರು ಮಂದಿ ಎರಡು ವರ್ಷಗಳಿಂದ ಹಣ ಕಟ್ಟದಿದ್ದರೆ, ಅಂತಹ ಪತ್ರಿಕೆಗೆ ಇರುವ ಚಂದಾದಾರರು ಏಳುನೂರು. ಉಳಿದ ಮುನ್ನೂರು ಹೆಸರುಗಳು ಕಾಗದದ ಮತ್ತು ಅಂಚೆಯ ಖರ್ಚನ್ನು ಮಾತ್ರ ಹೆಚ್ಚಿಸುತ್ತವೆ.

ನಷ್ಟ ಕಂಡ ಮೇಲೆ ಪತ್ರಿಕೆಯನ್ನು ಮುಚ್ಚಲಿಲ್ಲ. ಖರ್ಚಿನ ಬುಡಕ್ಕೇ ಕೈಹಾಕಲಾಯಿತು. ಡರ್ಬನ್ನಿನಿಂದ 14 ಮೈಲಿ ದೂರದ ಫೀನಿಕ್ಸ್ ಎಂಬಲ್ಲಿ 1,000 ಪೌಂಡು ಕೊಟ್ಟು 100 ಎಕರೆ ಜಮೀನು ಕೊಂಡು, ಮುದ್ರಣಾಲಯವನ್ನು ಅಲ್ಲಿಗೆ ಸಾಗಿಸಲಾಯಿತು. ದುಡಿಯುವವರೆಲ್ಲರಿಗೂ ತಿಂಗಳಿಗೆ ತಲಾ 3 ಪೌಂಡು ಎಂದು ಗೊತ್ತಾಯಿತು. 1904ರ ಡಿಸೆಂಬರಿನಲ್ಲಿ ಅಲ್ಲಿಂದ ಮೊದಲ ಸಂಚಿಕೆ ಹೊರಡಬೇಕಾದ ರಾತ್ರಿ ಎಣ್ಣೆಯ ಎಂಜಿನ್ ಕೈಕೊಟ್ಟಿತು. ಇಂತಹ ಆಪತ್ತಿಗೆಂದು ಕೈಯಿಂದ ತಿರುಗಿಸುವ ಚಕ್ರವೊಂದನ್ನು ಮೊದಲೇ ಇಟ್ಟುಕೊಂಡಿದ್ದರು. ಒಮ್ಮೆಗೆ ನಾಲ್ವರು ಬೇಕಾಗಿದ್ದ ಆ ಕೆಲಸಕ್ಕೆ ಮಲಗಿದ್ದ ಬಡಗಿಗಳನ್ನೂ ಎಬ್ಬಿಸಿ, ಸರದಿಯಂತೆ ರಾತ್ರಿಯಿಡೀ ಚಕ್ರ ತಿರುಗಿಸಿದರು. ಬೆಳಗಾದ ಮೇಲೆ ಎಂಜಿನ್ ತಾನಾಗಿ ನಡೆಯಿತು. ಪ್ರತಿಗಳು ವೇಳೆಗೆ ಸರಿಯಾಗಿ ರೈಲು ನಿಲ್ದಾಣ ಸೇರಿದವು. ಚಂದಾದಾರನಿಗೆ ಈ ಶ್ರಮವೊಂದೂ ಕಾಣಲಿಲ್ಲ. ಎಂದಿನ ದಿನ ಎಂದಿನಂತೆ ಪತ್ರಿಕೆ ಬಂದಿತೆಂಬುದಷ್ಟೇ ಅವನಿಗೆ ಕಂಡಿತು. ಅವನ ವಿಶ್ವಾಸಕ್ಕೆ ಅದೇ ಆಧಾರ.

ಇಷ್ಟಾದರೂ ಚಂದಾದಾರರ ಸಂಖ್ಯೆ ಸಾಮಾನ್ಯವಾಗಿ 1,200ರಿಂದ 1,500ರ ನಡುವೆಯೇ ನಿಂತಿತ್ತು. ಅದು ಏರಿದ್ದು ಎರಡು ಕಾರಣಗಳಿಂದ.

ಮೊದಲನೆಯದು ಪತ್ರಿಕೆ ಮಾಡಿದ ಕೆಲಸ. 1906ರ ಆಗಸ್ಟ್ 22ರಂದು ಟ್ರಾನ್ಸ್‌ವಾಲ್ ಸರ್ಕಾರದ ವಿಶೇಷ ಗೆಜೆಟ್‌ನಲ್ಲಿ ಏಷ್ಯದವರ ನೋಂದಣಿಗೆ ಸಂಬಂಧಿಸಿದ ಮಸೂದೆಯೊಂದು ಪ್ರಕಟವಾಯಿತು. ಎಂಟು ವರ್ಷ ಮೇಲ್ಪಟ್ಟ ಪ್ರತಿಯೊಬ್ಬ ಭಾರತೀಯನೂ ಹೆಸರು ನೋಂದಾಯಿಸಿ, ಬೆರಳಚ್ಚು ಕೊಟ್ಟು, ಪ್ರಮಾಣಪತ್ರವನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕೆಂದೂ, ತಪ್ಪಿದರೆ ದಂಡ, ಸೆರೆಮನೆ ಅಥವಾ ಗಡೀಪಾರು ಎಂದೂ ಅದರಲ್ಲಿತ್ತು. ಗೆಜೆಟ್ ಇಂಗ್ಲಿಷಿನಲ್ಲಿತ್ತು, ಅದು ಯಾರ ಮನೆಬಾಗಿಲು ತಟ್ಟಲಿತ್ತೋ ಅವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಗಾಂಧಿಯವರು ಮಸೂದೆಯನ್ನು ಗುಜರಾತಿಗೆ ಅನುವಾದಿಸತೊಡಗಿದರು. ಅದರ ಅರ್ಥ ಜನರಿಗೆ ತಿಳಿದ ಮೇಲೆ, ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗ್‌ನ ಎಂಪೈರ್ ನಾಟಕಶಾಲೆಯಲ್ಲಿ ಸೇರಿದ ಸಭೆ ಆ ಕಾನೂನಿಗೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿತು. ಅಲ್ಲಿಂದ ಮುಂದೆ ಯಾವ ಕಚೇರಿಯಲ್ಲಿ ಏನಾಯಿತು, ಯಾರು ಸೆರೆಮನೆ ಸೇರಿದರು, ಮುಂದಿನ ಹೆಜ್ಜೆ ಯಾವುದು ಎಂಬುದನ್ನು ವಾರವಾರವೂ ತಮ್ಮ ಭಾಷೆಯಲ್ಲಿ ತಿಳಿಸುವ ಪತ್ರಿಕೆ ಆ ಜನಕ್ಕೆ ಅನಿವಾರ್ಯವಾಯಿತು. ತನ್ನ ಮೇಲೆ ಹೇರಲಾಗುವ ಕಾನೂನನ್ನು ತನಗೆ ತಿಳಿಯುವ ಭಾಷೆಯಲ್ಲಿ ಓದುವ ಅಗತ್ಯವೇ ಹೊಸ ಚಂದಾದಾರನನ್ನು ಪತ್ರಿಕೆಯ ಬಳಿಗೆ ಕರೆತಂದಿತು.

ಎರಡನೆಯದು ಧೈರ್ಯದ ಒಂದು ನಿರ್ಧಾರ. ಪತ್ರಿಕೆ ಆರಂಭದಲ್ಲಿ ಜಾಹೀರಾತುಗಳನ್ನು ಪ್ರಕಟಿಸುತ್ತಿತ್ತು. ಮುದ್ರಣಾಲಯ ಹೊರಗಿನ ಅಚ್ಚಿನ ಕೆಲಸವನ್ನೂ ಒಪ್ಪಿಕೊಳ್ಳುತ್ತಿತ್ತು. ಜಾಹೀರಾತು ತರುವುದಕ್ಕೂ ಅದರ ಹಣ ವಸೂಲಿ ಮಾಡುವುದಕ್ಕೂ ಒಳ್ಳೆಯ ಕಾರ್ಯಕರ್ತರ ವೇಳೆ ವ್ಯಯವಾಗುತ್ತಿತ್ತು. ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಇಕ್ಕಟ್ಟೂ ಇತ್ತು. ಕೊನೆಗೆ ಎರಡನ್ನೂ ಕೈಬಿಡಲಾಯಿತು. ಉಳಿದ ಆದಾಯ ಚಂದಾ ಒಂದೇ. ಪತ್ರಿಕೆ ಬದುಕಬೇಕೆಂದು ಸಮುದಾಯ ಬಯಸುವುದಾದರೆ ಅದನ್ನು ಸಾಕುವುದೂ ಸಮುದಾಯದ್ದೇ ಹೊಣೆ ಎಂಬುದು ಆಗ ಸ್ಪಷ್ಟವಾಯಿತು. ಚಂದಾದಾರರು ಕಾರ್ಯಕರ್ತರಷ್ಟೇ ಪತ್ರಿಕೆಯ ಒಡೆಯರಾದರು. ಚಂದಾ ಕೇಳಲು ಇದ್ದ ಸಂಕೋಚ ಮಾಯವಾಗಿ, ಕೇಳುವುದೇ ಕರ್ತವ್ಯವೆಂಬ ಭಾವನೆ ಬಂದಿತು. ಈ ನಡುವೆ ಚಂದಾದರವನ್ನು ಏರಿಸಬೇಕಾಗಿ ಬಂದರೂ ಸಂಖ್ಯೆ ಕುಗ್ಗಲಿಲ್ಲ. ಹೋರಾಟ ಉಚ್ಛ್ರಾಯದಲ್ಲಿದ್ದಾಗ ಅದು 3,500ಕ್ಕೆ ಮುಟ್ಟಿತು. ಆ ಪತ್ರಿಕೆಯನ್ನು ಓದಬಲ್ಲ ಭಾರತೀಯರು ಹೆಚ್ಚೆಂದರೆ 20,000 ಮಂದಿ ಇದ್ದರೆಂದು ಗಾಂಧಿಯವರ ಅಂದಾಜು. ಆ ಪ್ರಕಾರ ಓದಬಲ್ಲ ಪ್ರತಿ ಆರು ಮಂದಿಗೆ ಒಬ್ಬ ಚಂದಾದಾರನಿದ್ದಂತಾಯಿತು.

ಉಳಿದ ಐವರು ಪತ್ರಿಕೆಯಿಂದ ದೂರವಿದ್ದರೆಂದು ತಿಳಿಯಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಜೋಹಾನ್ಸ್‌ಬರ್ಗ್ ತಲುಪುವ ಪತ್ರಿಕೆಯ ಗುಜರಾತಿ ಭಾಗವನ್ನು ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು. ಸುತ್ತ ಕುಳಿತವರು ಮೊದಲಿನಿಂದ ಕೊನೆಯವರೆಗೆ ಕೇಳುತ್ತಿದ್ದರು. ಒಬ್ಬರೇ ಚಂದಾ ಕಟ್ಟಲಾಗದವರು ಕೆಲವರು ಕೂಡಿ ಒಂದು ಪ್ರತಿ ತರಿಸುತ್ತಿದ್ದರು. ಪತ್ರಿಕೆ ವೇಳೆಗೆ ಬಾರದಿದ್ದರೆ ದೂರುಗಳ ಸುರಿಮಳೆಯಾಗುತ್ತಿತ್ತು. ದೂರುವ ಓದುಗನಿರುವುದು ಪತ್ರಿಕೆಯ ಭಾಗ್ಯವೆಂದೇ ಹೇಳಬೇಕು; ಬಾರದಿದ್ದರೂ ಕೇಳದವನು ಮುಂದಿನ ವರ್ಷ ಚಂದಾ ಕಟ್ಟಲಾರ.

ಇದೇ ಕಥೆಯಲ್ಲಿ ನೋವಿನ ಒಂದು ಅಧ್ಯಾಯವೂ ಇದೆ. ನಾಲ್ಕು ಭಾಷೆಗಳಲ್ಲಿ ಹೊರಟ ಪತ್ರಿಕೆಯ ಹಿಂದಿ ಮತ್ತು ತಮಿಳು ಭಾಗಗಳನ್ನು ಕೆಲಕಾಲದಲ್ಲೇ ನಿಲ್ಲಿಸಬೇಕಾಯಿತು. ಆ ಭಾಷೆಗಳಲ್ಲಿ ಬರೆಯುವವರೂ ಅಚ್ಚುಮೊಳೆ ಜೋಡಿಸುವವರೂ ಸಾಕಷ್ಟು ದೊರೆಯಲಿಲ್ಲ. ಹೆಸರಿಗೆ ಮಾತ್ರ ಉಳಿದ ಪುಟಗಳನ್ನು ಮುಂದುವರಿಸುವುದು ಓದುಗರನ್ನು ವಂಚಿಸಿದಂತೆ ಎಂಬುದು ಗಾಂಧಿಯವರ ನಿಲುವಾಗಿತ್ತು. ನಟಾಲ್ ಪ್ರಾಂತದಲ್ಲಿ ತಮಿಳರೇನೂ ಕಡಮೆ ಇರಲಿಲ್ಲ. ಆದರೆ ಒಂದು ಭಾಷೆಯನ್ನು ಆಡುವವರ ಸಂಖ್ಯೆ ದೊಡ್ಡದಾಗಿದ್ದ ಮಾತ್ರಕ್ಕೆ ಆ ಭಾಷೆಯ ಪುಟ ಉಳಿಯುವುದಿಲ್ಲ. ಬರೆಯಬಲ್ಲವರೂ, ಅಚ್ಚಿಗೆ ಅಣಿಮಾಡಬಲ್ಲವರೂ, ಹಣ ಕೊಟ್ಟು ಓದುವವರೂ ಇರಬೇಕು.

ಗಡಿಯಾಚೆಯ ಕನ್ನಡ ಕುಟುಂಬಗಳಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಕಾಸರಗೋಡಾಗಲಿ, ಹೊಸೂರು, ತಾಳವಾಡಿಗಳಾಗಲಿ, ಅಕ್ಕಲಕೋಟೆ, ಜತ್ತಗಳಾಗಲಿ, ಆದೋನಿ, ಮಡಕಶಿರಾಗಳಾಗಲಿ, ಮನೆಯಲ್ಲಿ ಕನ್ನಡ ಆಡುವವರ ಕೊರತೆ ಇಲ್ಲ. ಕನ್ನಡವನ್ನು ತಡವರಿಸದೆ ಓದಿ ಬರೆಯುವವರನ್ನು ವರ್ಷದಿಂದ ವರ್ಷಕ್ಕೆ ತಯಾರಿಸಿ ಕಳಿಸುತ್ತಿರುವುದು ಕನ್ನಡ ಮಾಧ್ಯಮದ ಶಾಲೆ. ಶಾಲೆಯ ಹಾಜರಿ ಪುಸ್ತಕ ತೆಳುವಾದರೆ ಕೆಲವು ವರ್ಷಗಳಲ್ಲಿ ಪತ್ರಿಕೆಯ ಚಂದಾ ಪುಸ್ತಕವೂ ತೆಳುವಾಗುತ್ತದೆ. ಪಠ್ಯಪುಸ್ತಕದಾಚೆಗೆ ಕನ್ನಡದಲ್ಲಿ ಓದಲು ಏನೂ ಮನೆಗೆ ಬಾರದಿದ್ದರೆ, ಮಗು ಹತ್ತನೆಯ ತರಗತಿ ದಾಟಿದೊಡನೆ ಆ ಓದು ಅಲ್ಲಿಗೇ ನಿಲ್ಲುತ್ತದೆ.

ಈ ಪಟ್ಟಿಗೆ ಕಾನೂನಿನಲ್ಲಿಯೂ ಬೆಲೆಯುಂಟು. 1898ರ ಭಾರತೀಯ ಅಂಚೆ ಕಚೇರಿ ಕಾಯಿದೆಯ 9ನೆಯ ಪ್ರಕರಣವು ವೃತ್ತಪತ್ರಿಕೆಗಳಿಗೆ ರಿಯಾಯಿತಿ ಅಂಚೆದರವನ್ನು ಕಲ್ಪಿಸುವಾಗ, ಪತ್ರಿಕೆ 31 ದಿನಗಳನ್ನು ಮೀರದ ಅಂತರದಲ್ಲಿ ಪ್ರಕಟವಾಗಬೇಕೆಂದೂ, ಅದಕ್ಕೆ ಚಂದಾದಾರರ ನೈಜವಾದ ಪಟ್ಟಿ ಇರಬೇಕೆಂದೂ ಎರಡು ಷರತ್ತುಗಳನ್ನು ವಿಧಿಸಿತ್ತು. ಆ ಕಾಯಿದೆಯ ಸ್ಥಾನದಲ್ಲಿ ಈಗ 2023ರ ಅಂಚೆ ಕಚೇರಿ ಕಾಯಿದೆ ಬಂದಿದೆ. ಆದರೂ ಪತ್ರಿಕೆಯ ಅಸ್ತಿತ್ವಕ್ಕೆ ಚಂದಾದಾರರ ಪಟ್ಟಿಯೇ ಸಾಕ್ಷ್ಯವೆಂದು ಶಾಸನವು ಒಂದು ಶತಮಾನಕ್ಕೂ ಮಿಕ್ಕಿ ಬಗೆದಿದ್ದುದು ಗಮನಾರ್ಹ. 1956ರ ನಿಯಮಗಳಂತೆ ಪತ್ರಿಕೆಗಳು ಪ್ರತಿವರ್ಷ ಫೆಬ್ರವರಿ ಕಳೆದ ಮೊದಲ ಸಂಚಿಕೆಯಲ್ಲಿ ‘ನಮೂನೆ 4’ ಎಂಬ ಹೇಳಿಕೆಯನ್ನು ಪ್ರಕಟಿಸುವ ಪದ್ಧತಿ ಬೆಳೆದುಬಂದಿತು. ಮುದ್ರಕರು, ಪ್ರಕಾಶಕರು, ಸಂಪಾದಕರು ಮತ್ತು ಬಂಡವಾಳದಲ್ಲಿ ಶೇಕಡಾ 1ಕ್ಕಿಂತ ಹೆಚ್ಚು ಪಾಲುಳ್ಳವರ ಹೆಸರುಗಳು ಅದರಲ್ಲಿರುತ್ತಿದ್ದವು. ಚಂದಾದಾರನ ಹೆಸರಿಗೆ ಆ ನಮೂನೆಯಲ್ಲಿ ಜಾಗವಿರಲಿಲ್ಲ. ಅವನ ಒಡೆತನ ಕಾನೂನಿನ ಕಾಗದದಲ್ಲಿ ದಾಖಲಾಗುವಂಥದಲ್ಲ.

ಸಂವಿಧಾನದ 29ನೆಯ ಅನುಚ್ಛೇದವು ತನ್ನದೇ ಭಾಷೆ, ಲಿಪಿ, ಸಂಸ್ಕೃತಿಗಳುಳ್ಳ ಯಾವುದೇ ಜನವರ್ಗಕ್ಕೆ ಅವನ್ನು ಉಳಿಸಿಕೊಳ್ಳುವ ಹಕ್ಕನ್ನು ನೀಡಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು 350ಎ ಅನುಚ್ಛೇದ ಹೇಳುತ್ತದೆ. ಕೇರಳದ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿಯೇ ಸರ್ಕಾರದೊಡನೆ ಪತ್ರವ್ಯವಹಾರ ನಡೆಸಬಹುದೆಂದು ಆ ರಾಜ್ಯದ 1969ರ ಅಧಿಕೃತ ಭಾಷಾ ಕಾಯಿದೆ ಅವಕಾಶ ಕೊಟ್ಟಿದೆ. ಇಂತಹ ಹಕ್ಕುಗಳು ತಮಗಿವೆ ಎಂಬುದನ್ನು ಜನರಿಗೆ ಅವರ ಭಾಷೆಯಲ್ಲಿಯೇ ತಿಳಿಸುವ ಕೆಲಸ ಗಡಿನಾಡಿನ ಪತ್ರಿಕೆಯದು. ಟ್ರಾನ್ಸ್‌ವಾಲಿನ ಮಸೂದೆಯನ್ನು ಗುಜರಾತಿಯಲ್ಲಿ ಓದಿದವರಿಗಿದ್ದ ಅಗತ್ಯ, ತನಗೆ ಬಾರದ ಭಾಷೆಯ ನೋಟೀಸನ್ನು ಕೈಯಲ್ಲಿ ಹಿಡಿದು ನಿಂತ ಗಡಿನಾಡಿನ ರೈತನಿಗೂ ಇದೆ. ಆ ನೋಟೀಸಿನ ವಿಷಯ ಪತ್ರಿಕೆಗೆ ತಲುಪಬೇಕಾದರೆ ಓದುಗರೇ ಬರೆದು ತಿಳಿಸಬೇಕು.

ಚಂದಾದಾರರ ಸಂಖ್ಯೆ ಹೆಚ್ಚಿಸಲು ಕುಟುಂಬಗಳು ಮಾಡಬಹುದಾದ ಉಳಿದ ಕೆಲಸಗಳೂ ಸಣ್ಣವೇ. ಅವಧಿ ಮುಗಿಯುವ ಮೊದಲೇ ಚಂದಾವನ್ನು ನವೀಕರಿಸುವುದು. ಮನೆ ಬದಲಾದರೆ ಹೊಸ ವಿಳಾಸ ತಿಳಿಸುವುದು. ಒಬ್ಬರಿಗೆ ಭಾರವಾದರೆ ಜೋಹಾನ್ಸ್‌ಬರ್ಗಿನವರಂತೆ ಮೂರು ಮನೆಗಳು ಕೂಡಿ ಒಂದು ಪ್ರತಿ ತರಿಸುವುದು. ವಾರಕ್ಕೊಮ್ಮೆ ಮಗುವಿನಿಂದ ಒಂದು ಪುಟವನ್ನಾದರೂ ಅಜ್ಜ ಅಜ್ಜಿಯರಿಗೆ ಗಟ್ಟಿಯಾಗಿ ಓದಿಸುವುದು. ಹತ್ತನೆಯ ತರಗತಿ ಮುಗಿಸಿ ದೂರದ ಊರಿಗೆ ಓದಲು ಹೊರಟ ಮಗ ಅಥವಾ ಮಗಳ ಹೆಸರಿಗೆ ಒಂದು ವರ್ಷದ ಚಂದಾ ಕಟ್ಟುವುದು. ಹೊಸಬರು ಹತ್ತು ಮಂದಿ ಸೇರಿ ಹಳಬರು ಹದಿನೈದು ಮಂದಿ ಬಿಟ್ಟುಹೋದರೆ ಪಟ್ಟಿ ಬೆಳೆದಂತಾಗದು. ಆದುದರಿಂದ ಇವೆಲ್ಲವುಗಳಲ್ಲಿ ಮೊದಲನೆಯದಾದ ನವೀಕರಣವೇ ಮುಖ್ಯವಾದುದು.

‘ಇಂಡಿಯನ್ ಒಪಿನಿಯನ್’ ಗಾಂಧಿಯವರು 1914ರಲ್ಲಿ ಆಫ್ರಿಕ ಬಿಟ್ಟ ಮೇಲೆಯೂ ನಡೆಯಿತು. ಅವರ ಮಗ ಮಣಿಲಾಲ್ ಗಾಂಧಿ 1956ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ನಡೆಸಿದರು. ಅನಂತರ ಪತ್ನಿ ಸುಶೀಲಾ ಅವರು ಮುಂದುವರಿಸಿದರು. 1961ರಲ್ಲಿ ಅದು ನಿಂತಿತು. ಪರದೇಶದಲ್ಲಿ, ಪ್ರತಿಕೂಲವಾದ ಸರ್ಕಾರದ ಕೆಳಗೆ, 58 ವರ್ಷಗಳ ಆಯುಸ್ಸು ಅದಕ್ಕೆ ದೊರೆಯಿತು. ಆ ಆಯುಸ್ಸನ್ನು ವರ್ಷವರ್ಷವೂ ಬೆಳೆಸಿದವರಲ್ಲಿ ಯಾವ ಚರಿತ್ರೆಯಲ್ಲಿಯೂ ಹೆಸರು ಬಾರದ ಅಂಗಡಿಕಾರರು, ತೋಟದ ಕೂಲಿಗಳು, ಹಣ್ಣು ತರಕಾರಿ ಮಾರುವವರು ಸೇರಿದ್ದರು. ಗಡಿನಾಡಿನ ಕನ್ನಡ ಪತ್ರಿಕೆಯ ಆಯುಸ್ಸೂ ಅಂಥವರ ಕೈಯಲ್ಲಿಯೇ ಇದೆ. ಪ್ರತಿಯ ಮೇಲೆ ಅಂಟಿಸಿ ಬರುವ ವಿಳಾಸದ ಚೀಟಿಯಲ್ಲಿ ಚಂದಾ ಮುಗಿಯುವ ತಿಂಗಳು ನಮೂದಾಗಿದ್ದರೆ, ಅದನ್ನು ಈ ವಾರ ಒಮ್ಮೆ ಓದಿ ನೋಡುವುದು ಒಳಿತು.