ಕೋರ್ಟಿನ ದಫ್ತರವೂ ನಮ್ಮ ಜನರ ಹಕ್ಕೂ

ದಾವೆ ಗೆದ್ದವನ ಕೈಯಲ್ಲಿ ತೀರ್ಪಿನ ನಕಲು ಇಲ್ಲದಿದ್ದರೆ ಅವನು ಗೆದ್ದೂ ಸೋತಂತೆಯೇ ಸರಿ. ವಿಜಯಪುರದ ಕೋರ್ಟಿಗೆ ಬರುವ ಹಳ್ಳಿಗರಲ್ಲಿ ನಡೆಯುತ್ತಿರುವ ಖಟ್ಲೆಗಾಗಿ ಬಂದವರಿರುವಂತೆ, ಎಂದೋ ಮುಗಿದ ದಾವೆಯ ಕಾಗದವನ್ನು ಅರಸಿ ಬಂದವರೂ ಇರುತ್ತಾರೆ. ಅಜ್ಜನ ಕಾಲದ ವಾಟ್ನಿಯ ಡಿಕ್ರಿ, ಕಾಲುವೆಗೆ ಹೋದ ಹೊಲದ ಪರಿಹಾರದ ತೀರ್ಪು, ತಂದೆಯು ಕೋರ್ಟಿಗೆ ಹಾಜರುಪಡಿಸಿ ಮರೆತ ಮೂಲ ಖರೀದಿಪತ್ರ, ಇವುಗಳಲ್ಲೊಂದು ಅವರಿಗೆ ಬೇಕಾಗಿರುತ್ತದೆ. ಯಾವ ಕೋಣೆಗೆ ಹೋಗಬೇಕು, ಏನೆಂದು ಬರೆದುಕೊಡಬೇಕು ಎಂಬದು ತಿಳಿಯದೆ ಅವರು ಬಂದ ದಾರಿಯಲ್ಲಿಯೇ ಮರಳುತ್ತಾರೆ. ಈ ತಿಳಿವಳಿಕೆಯ ಅಭಾವದಿಂದ ನಮ್ಮ ಜನರಿಗಾಗುವ ಹಾನಿಯನ್ನೂ, ಅದನ್ನು ತಪ್ಪಿಸುವ ಬಗೆಯನ್ನೂ ಈ ವಾರ ವಾಚಕ ಮಹಾಶಯರ ಮುಂದೆ ಇಡುವೆವು.

ಕನ್ನಡ ಪ್ರಾಂತವು 1956ನೆಯ ಇಸವಿಯ ನವೆಂಬರ 1ರಂದು ಒಂದಾಯಿತು. ಆದರೆ ಕನ್ನಡಿಗರ ನ್ಯಾಯದ ಕಾಗದಗಳು ಅಂದು ಒಂದಾಗಲಿಲ್ಲ. ನಮ್ಮ ಜಿಲ್ಹೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಜಿಲ್ಹೆಯ ಮುಖ್ಯ ಠಾಣ್ಯವು ಮೊದಲು ಕಲಾದಗಿಯಲ್ಲಿದ್ದು 1885ರಲ್ಲಿ ಇಲ್ಲಿಗೆ ಬಂದಿತು. ಏಕೀಕರಣದ ವರೆಗೆ ಇಲ್ಲಿಯ ಮೇಲಿನ ಅಪೀಲುಗಳು ಮುಂಬಯಿ ಹಾಯಕೋರ್ಟಿಗೆ ಹೋಗುತ್ತಿದ್ದವು. ಆ ಬಳಿಕ ಬೆಂಗಳೂರಿಗೆ ಹೋದವು. 2008ರಿಂದ ಕಲಬುರ್ಗಿಯ ಪೀಠಕ್ಕೆ ಹೋಗುತ್ತಿವೆ. 1997ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಹೆಯಾಯಿತು. ಪಕ್ಕದ ಜತ್ತವು 1948ರ ವರೆಗೆ ಬೇರೊಂದು ಸಂಸ್ಥಾನವಾಗಿದ್ದು ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಹೆಯಲ್ಲಿದೆ. ಅಲ್ಲಿಯ ಕನ್ನಡ ಹಳ್ಳಿಗಳಿಗೂ ನಮ್ಮ ಹಳ್ಳಿಗಳಿಗೂ ಕೊಳು-ಕೊಡೆಯು ಇಂದಿಗೂ ತಪ್ಪಿಲ್ಲ. ಹೀಗೆ ಒಂದೇ ಮನೆತನದ ಕಾಗದಗಳು ಕಾಲಕಾಲದ ಆಳಿಕೆಗೆ ತಕ್ಕಂತೆ ಊರೂರಿಗೆ ಹಂಚಿಹೋಗಿವೆ. ಇವನ್ನು ಹುಡುಕಬೇಕೆನ್ನುವವನು ಮೊದಲು ತನ್ನ ಖಟ್ಲೆಯು ಯಾವ ಇಸವಿಯದು, ಆಗ ತನ್ನ ಊರು ಯಾವ ಕೋರ್ಟಿನ ಹದ್ದಿಯಲ್ಲಿದ್ದಿತು ಎಂಬದನ್ನು ಗೊತ್ತುಮಾಡಿಕೊಳ್ಳತಕ್ಕದ್ದು.

ಅಥಣಿಯ ದಾರಿಯಲ್ಲಿರುವ ತಿಕೋಟಾ, ಜಮಖಂಡಿಯ ದಾರಿಯಲ್ಲಿರುವ ಬಬಲೇಶ್ವರ, ಇವೆರಡೂ ಈಚೆಗೆ ಬೇರೆ ತಾಲೂಕುಗಳಾಗಿವೆ. ಆದರೆ ಇವು ಅದಕ್ಕೆ ಮೊದಲು ವಿಜಯಪುರ ತಾಲೂಕಿಗೆ ಸೇರಿದ್ದವಾದ್ದರಿಂದ ಇಲ್ಲಿಯ ಹಳೆಯ ದಿವಾಣಿ ದಾವೆಗಳು ನಡೆದದ್ದು ವಿಜಯಪುರದ ಕೋರ್ಟುಗಳಲ್ಲಿ. ಸ್ಥಿರಾಸ್ತಿಯ ದಾವೆಯನ್ನು ಆಸ್ತಿಯಿರುವ ಹದ್ದಿಯ ಕೋರ್ಟಿನಲ್ಲಿ ಹೂಡಬೇಕೆಂದು ದಿವಾಣಿ ಪ್ರಕ್ರಿಯಾ ಸಂಹಿತೆಯ 16ನೆಯ ಕಲಮು ಹೇಳುತ್ತದೆ. ಆದಕಾರಣ ಜತ್ತ ತಾಲೂಕಿಗೆ ಕೊಟ್ಟ ಹೆಣ್ಣುಮಗಳು ತಿಕೋಟಾದ ಹೊಲದಲ್ಲಿ ತನ್ನ ಪಾಲು ಕೇಳಿದ್ದರೆ ಅದರ ಕಾಗದವನ್ನು ಸಾಂಗಲಿಯಲ್ಲಿ ಹುಡುಕುವದು ವ್ಯರ್ಥ. 2014ಕ್ಕಿಂತ ಮೊದಲಿನ ಕಾಗದಗಳಲ್ಲಿ ಊರ ಹೆಸರು ವಿಜಾಪುರ ಅಥವಾ ಬಿಜಾಪುರ ಎಂದಿರುವದನ್ನೂ ನೆನಪಿನಲ್ಲಿಡಬೇಕು.

ಹಳೆಯ ಕಾಗದದಿಂದ ಇಂದಿನ ಜನರಿಗೇನು ಪ್ರಯೋಜನವೆಂದು ಕೆಲವರು ಕೇಳಬಹುದು. ಅಂಥವರು 2024ರ ಅಕ್ಟೋಬರದಲ್ಲಿ ತಿಕೋಟಾ ತಾಲೂಕಿನ ಹೊನವಾಡದಲ್ಲಿ ಎದ್ದ ಗದ್ದಲವನ್ನು ನೆನೆಯಲಿ. ತಮ್ಮ ಜಮೀನುಗಳು ವಕ್ಫ ಆಸ್ತಿಯೆಂದು ಎಣಿಸಲ್ಪಡುವವೆಂದು ಅಲ್ಲಿಯ ರೈತರು ಹೆದರಿ ಜಿಲ್ಹಾಧಿಕಾರಿಗಳ ಕಚೇರಿಗೆ ಮೊರೆಯಿಟ್ಟರು. 1974ರ ರಾಜ್ಯಪತ್ರದಲ್ಲಿ ಹೊನವಾಡದ ಹೆಸರು ತಪ್ಪಿನಿಂದ ಸೇರಿದ್ದಿತೆಂದೂ, ಅದು 1977ರಲ್ಲಿಯೇ ತಿದ್ದಲ್ಪಟ್ಟಿತೆಂದೂ ಸರಕಾರದ ಪರವಾಗಿ ಹೇಳಲಾಯಿತು. ಆ ವಾದದ ರಾಜಕಾರಣಕ್ಕೆ ನಾವು ಇಲ್ಲಿ ಕೈಹಾಕುವದಿಲ್ಲ. ಸುಮಾರು 47 ವರ್ಷಗಳ ಹಿಂದಿನ ತಿದ್ದುಪಡಿಯ ಒಂದು ಹಾಳೆಯು ಇಡಿಯ ಊರಿನ ಭಯವನ್ನು ಕಳೆಯಬಲ್ಲದಾಗಿದ್ದಿತು. ಆದರೆ ಆ ಹಾಳೆಯು ಊರವರ ಕೈಯಲ್ಲಿರಲಿಲ್ಲ. ಇಷ್ಟನ್ನು ಮಾತ್ರ ಹೇಳುವೆವು. ರಾಜ್ಯಪತ್ರದ ಹಾಳೆಗೆ ಸಲ್ಲುವ ಈ ಮಾತು ಕೋರ್ಟಿನ ತೀರ್ಪಿಗೆ ಇನ್ನೂ ಹೆಚ್ಚಾಗಿ ಸಲ್ಲುವದು.

ಇನ್ನು ಹಕ್ಕಿನ ಮಾತು. ಕೋರ್ಟಿನ ನಕಲು ಯಾರೂ ಮಾಡುವ ಉಪಕಾರವಲ್ಲ. ನೋಡುವ ಹಕ್ಕುಳ್ಳವನಿಗೆ ಸಾರ್ವಜನಿಕ ದಸ್ತೈವಜಿನ ದೃಢೀಕೃತ ನಕಲನ್ನು ಶುಲ್ಕ ತೆಗೆದುಕೊಂಡು ಕೊಡಲೇಬೇಕೆಂದು 1872ರ ಸಾಕ್ಷ್ಯ ಕಾಯಿದೆಯ 76ನೆಯ ಕಲಮು ಹೇಳುತ್ತಿದ್ದಿತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೆಯ ಕಲಮೂ ಅದನ್ನೇ ಹೇಳುತ್ತದೆ. ತೀರ್ಪು-ಡಿಕ್ರಿಗಳ ನಕಲನ್ನು ಪಕ್ಷಗಾರರಿಗೆ ಕೊಡತಕ್ಕದ್ದೆಂದು ದಿವಾಣಿ ಸಂಹಿತೆಯ 20ನೆಯ ಆದೇಶದಲ್ಲಿ ಸ್ಪಷ್ಟವಾಗಿದೆ. ಫೌಜದಾರಿ ಖಟ್ಲೆಯಲ್ಲಿ ಸೆರೆವಾಸದ ಶಿಕ್ಷೆಯಾದ ಆರೋಪಿಗೆ ತೀರ್ಪಿನ ನಕಲನ್ನು ಕೂಡಲೇ ಪುಕ್ಕಟೆಯಾಗಿ ಕೊಡಬೇಕು. ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಅರ್ಜಿ ಹಾಕಿದರೆ ಸಾಕೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಖಟ್ಲೆಯ ಕಾಗದಗಳ ನಕಲನ್ನು ಕೋರ್ಟಿನ ನಿಯಮಗಳ ಮೇರೆಗೇ ಪಡೆಯತಕ್ಕದ್ದೆಂದು ಸುಪ್ರೀಮ ಕೋರ್ಟು 2020ರ ಮಾರ್ಚದಲ್ಲಿ ಗುಜರಾಥ ಹಾಯಕೋರ್ಟಿನ ಪ್ರಕರಣದಲ್ಲಿ ನಿರ್ಣಯಿಸಿದೆ.

ಹುಡುಕುವವನಿಗೆ ಮುಖ್ಯವಾಗಿ ಬೇಕಾದದ್ದು ಖಟ್ಲೆಯ ನಂಬರು. ಅದಕ್ಕೆ ಮೂರು ಅಂಗಗಳುಂಟು: ಬಗೆ, ಸಂಖ್ಯೆ, ಇಸವಿ. ಮೂಲ ದಾವೆಗೆ ಓ.ಎಸ್., ಅಪೀಲಿಗೆ ಆರ್.ಎ., ಭೂಸ್ವಾಧೀನದ ಪ್ರಕರಣಕ್ಕೆ ಎಲ್.ಎ.ಸಿ., ಮೋಟಾರು ಅಪಘಾತಕ್ಕೆ ಎಂ.ವಿ.ಸಿ., ಫೌಜದಾರಿಗೆ ಸಿ.ಸಿ. ಎಂಬ ಗುರುತುಗಳಿರುತ್ತವೆ. ನಂಬರು ತಿಳಿಯದಿದ್ದರೆ ಧೈರ್ಯಗೆಡಬೇಕಾದ ಕಾರಣವಿಲ್ಲ. ಮನೆಯ ಪೆಟ್ಟಿಗೆಯಲ್ಲಿ ಹಳೆಯ ಸಮನ್ಸೋ ವಕೀಲರ ಪತ್ರವೋ ಇರಬಹುದು. ಡಿಕ್ರಿಯಿಂದ ಹೊಲದ ಹೆಸರು ಬದಲಾಗಿದ್ದರೆ ಉತಾರದ ಹಿಂದಿರುವ ಹಕ್ಕು ಬದಲಾವಣೆಯ ನೋಂದಿನಲ್ಲಿ ಕೋರ್ಟಿನ ಹೆಸರೂ ದಾವೆಯ ನಂಬರೂ ಸಿಕ್ಕುವ ಸಂಭವವುಂಟು. ಡಿಕ್ರಿಯು ನೋಂದಣಿಯಾಗಿದ್ದರೆ ಸಬ್ ರಜಿಸ್ಟ್ರಾರ ಕಚೇರಿಯ ಋಣಭಾರ ಪತ್ರದಲ್ಲಿ ಅದರ ಸುಳಿವು ದೊರೆಯುವದು.

ಈಚಿನ ಖಟ್ಲೆಗಳಿಗೆ ಇನ್ನೂ ಸುಲಭವಾದ ದಾರಿಯೊಂದಿದೆ. ಇ-ಕೋರ್ಟು ಸೇವೆಯ ಜಾಲತಾಣದಲ್ಲಿ ಜಿಲ್ಹೆಯನ್ನೂ ಕೋರ್ಟನ್ನೂ ಆರಿಸಿ ಪಕ್ಷಗಾರನ ಹೆಸರು, ವಕೀಲರ ಹೆಸರು ಅಥವಾ ಪೋಲೀಸ ಠಾಣೆಯ ವರದಿಯ ಸಂಖ್ಯೆಯಿಂದ ಹುಡುಕಬಹುದು. ಪ್ರತಿಯೊಂದು ಖಟ್ಲೆಗೂ ಸಿ.ಎನ್.ಆರ್. ಎಂಬ 16 ಅಕ್ಷರಾಂಕಗಳ ಗುರುತು ಇರುತ್ತದೆ. ಅದೊಂದನ್ನು ಬರೆದಿಟ್ಟುಕೊಂಡರೆ ಮುಂದೆ ತೊಂದರೆಯಿಲ್ಲ. ಕನ್ನಡದ ಹೆಸರುಗಳನ್ನು ಇಂಗ್ಲಿಷ ಅಕ್ಷರಗಳಲ್ಲಿ ಒಬ್ಬೊಬ್ಬ ಕಾರಕೂನನು ಒಂದೊಂದು ಪರಿಯಾಗಿ ಬರೆದಿರುವನಾದ್ದರಿಂದ ಒಮ್ಮೆ ಸಿಕ್ಕದಿದ್ದರೆ ಬೇರೆ ಕಾಗುಣಿತದಿಂದ ನೋಡಬೇಕು. ಅಲ್ಲಿಂದ ಮುದ್ರಿಸಿಕೊಂಡ ಪ್ರತಿಯು ತಿಳಿವಳಿಕೆಗೆ ಮಾತ್ರ. ಪುರಾವೆಗೆ ದೃಢೀಕೃತ ನಕಲೇ ಬೇಕು.

ನಂಬರು ಸಿಕ್ಕ ಮೇಲೆ ಆ ಕೋರ್ಟಿನ ನಕಲು ಶಾಖೆಗೆ ಅರ್ಜಿ ಕೊಡುವದು. ಅರ್ಜಿಯಲ್ಲಿ ಕೋರ್ಟಿನ ಹೆಸರು, ಖಟ್ಲೆಯ ನಂಬರು, ಉಭಯ ಪಕ್ಷಗಾರರ ಹೆಸರುಗಳು, ತೀರ್ಪಿನ ತಾರೀಖು ಇರಬೇಕು. ಯಾವ ಕಾಗದದ ನಕಲು ಬೇಕೆಂಬದನ್ನು ಒಂದೊಂದಾಗಿ ಬರೆಯಬೇಕು. 'ಎಲ್ಲ ಕಾಗದಗಳೂ ಬೇಕು' ಎಂದು ಬರೆಯುವದರಿಂದ ಶುಲ್ಕವೂ ವಿಳಂಬವೂ ಹೆಚ್ಚುವವು. ದಾವೆಯಲ್ಲಿ ಪಕ್ಷಗಾರನಲ್ಲದವನು ತನಗೇಕೆ ಬೇಕೆಂಬ ಕಾರಣವನ್ನು ಪ್ರಮಾಣಪತ್ರದೊಡನೆ ತಿಳಿಸಬೇಕಾಗುವದು. ಕೊಟ್ಟ ಅರ್ಜಿಯ ಸಂಖ್ಯೆಯನ್ನೂ ತುಂಬಿದ ಹಣದ ಪಾವತಿಯನ್ನೂ ಜೋಪಾನವಾಗಿಡಬೇಕು. ವಕೀಲರನ್ನು ಗೊತ್ತುಮಾಡುವ ಶಕ್ತಿಯಿಲ್ಲದವರು ಜಿಲ್ಹಾ ಕಾನೂನು ಸೇವಾ ಪ್ರಾಧಿಕಾರದ ಮೊರೆಹೋಗಬಹುದು. 1987ರ ಕಾಯಿದೆಯ 12ನೆಯ ಕಲಮಿನಂತೆ ಸ್ತ್ರೀಯರು, ಪರಿಶಿಷ್ಟ ಜಾತಿ-ಪಂಗಡಗಳವರು, ಅಂಗವಿಕಲರು ಮೊದಲಾದವರಿಗೆ ಈ ಸಹಾಯವು ಪುಕ್ಕಟೆಯಾಗಿ ಸಲ್ಲುವದು. 15100 ಎಂಬ ದೂರವಾಣಿಯಲ್ಲಿಯೂ ಕೇಳಬಹುದು.

ಎಲ್ಲಕ್ಕಿಂತಲೂ ಹೆಚ್ಚಾಗಿ ನಮ್ಮವರನ್ನು ಕೆಡಿಸುವದು ಸಾವಕಾಶ. ಡಿಕ್ರಿಯ ಮೇಲೆ ಜಿಲ್ಹಾ ಕೋರ್ಟಿಗೆ ಅಪೀಲು ಮಾಡುವದಕ್ಕೆ 30 ದಿವಸ, ಹಾಯಕೋರ್ಟಿಗೆ 90 ದಿವಸ ಮುದ್ದತು. ನಕಲು ಪಡೆಯಲು ಹಿಡಿದ ದಿನಗಳನ್ನು 1963ರ ಮುದ್ದತು ಕಾಯಿದೆಯ 12ನೆಯ ಕಲಮು ಲೆಕ್ಕದಿಂದ ಬಿಡುತ್ತದೆ. ಆದರೆ ಅರ್ಜಿ ಕೊಡುವ ಮೊದಲು ಸುಮ್ಮನೆ ಕಳೆದ ದಿನಗಳನ್ನು ಬಿಡುವದಿಲ್ಲ. ಆದ್ದರಿಂದ ತೀರ್ಪಾದ ದಿನವೇ ಅರ್ಜಿ ಕೊಡುವದು ಜಾಣತನ. ಕಾಲುವೆಗೆ ಭೂಮಿ ಕೊಟ್ಟ ನಮ್ಮ ಭಾಗದ ರೈತರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಒಂದೇ ಪ್ರಕಟಣೆಯಿಂದ ಹತ್ತು ಜನರ ಹೊಲ ಹೋಗಿ, ಅವರಲ್ಲೊಬ್ಬನು ಕೋರ್ಟಿನಲ್ಲಿ ಹೆಚ್ಚಿನ ಪರಿಹಾರ ಪಡೆದನೆನ್ನೋಣ. ಕೋರ್ಟಿನ ಮೆಟ್ಟಿಲು ಹತ್ತದ ಉಳಿದವರೂ ಆ ತೀರ್ಪಿನಿಂದ ಮೂರು ತಿಂಗಳೊಳಗಾಗಿ ಅರ್ಜಿ ಕೊಟ್ಟು ಅದೇ ದರದಂತೆ ಪುನರ್ನಿರ್ಣಯ ಕೇಳಬಹುದು. 1894ರ ಭೂಸ್ವಾಧೀನ ಕಾಯಿದೆಯ 28ಎ ಕಲಮಿನಲ್ಲಿಯೂ, ಅದರ ಬದಲಿಗೆ ಬಂದ 2013ರ ಕಾಯಿದೆಯ 73ನೆಯ ಕಲಮಿನಲ್ಲಿಯೂ ಈ ಅವಕಾಶವಿದೆ. ನೆರೆಯವನು ಗೆದ್ದ ಸುದ್ದಿಯು ನಾಲ್ಕನೆಯ ತಿಂಗಳಲ್ಲಿ ಊರಿಗೆ ಬಂದರೆ ಉಳಿದವರ ಗತಿಯೇನು? ಕಟ್ಟೆಯ ಮೇಲೆ ಕುಳಿತು ಹಳಹಳಿಸುವದೊಂದೇ ಉಳಿಯುವದು.

ಕೋರ್ಟಿನ ದಫ್ತರವು ಅಕ್ಷಯ ಭಂಡಾರವೂ ಅಲ್ಲ. ಮುಗಿದ ಖಟ್ಲೆಯ ಎಲ್ಲ ಕಾಗದಗಳನ್ನೂ ಚಿರಕಾಲ ಇಡುವದಿಲ್ಲ. ನಿಯಮದಂತೆ ಕಾಲ ಸಂದ ಕಾಗದಗಳನ್ನು ನಾಶಮಾಡುವ ಅಧಿಕಾರವು 1917ರ ಕಾಯಿದೆಯಿಂದಲೇ ಬಂದಿದೆ. ಸಾಕ್ಷಿಗಾಗಿ ಕೊಟ್ಟ ಮೂಲ ಖರೀದಿಪತ್ರ, ಅಡವುಪತ್ರಗಳನ್ನು ಅಪೀಲಿನ ಮುದ್ದತು ತೀರಿದ ಬಳಿಕ, ಅಪೀಲಾಗಿದ್ದರೆ ಅದು ಮುಗಿದ ಬಳಿಕ, ಹಾಜರುಪಡಿಸಿದವನೇ ಮರಳಿ ಪಡೆಯಬಹುದೆಂದು ದಿವಾಣಿ ಸಂಹಿತೆಯ 13ನೆಯ ಆದೇಶದ 9ನೆಯ ನಿಯಮವು ಹೇಳುತ್ತದೆ. ಈ ಅನುಕೂಲತೆಯನ್ನು ಬಳಸಿಕೊಳ್ಳದ ಮನೆತನದ ಮೂಲಪತ್ರಗಳು ಒಂದು ದಿನ ರದ್ದಿಯ ಜೊತೆಗೆ ಹೋದರೆ ಯಾರನ್ನು ದೂರಬೇಕು?

ತಹಶೀಲ್ದಾರ, ಉಪವಿಭಾಗಾಧಿಕಾರಿಗಳ ಮುಂದೆ ನಡೆದ ಪ್ರಕರಣಗಳು ಬೇರೆ. ಅವುಗಳ ಕಾಗದಗಳು ಕಂದಾಯ ಕಚೇರಿಗಳಲ್ಲಿರುವವೇ ಹೊರತು ದಿವಾಣಿ ಕೋರ್ಟಿನಲ್ಲಿ ಸಿಕ್ಕವು. 1974ರ ಭೂಸುಧಾರಣೆಯ ತರುವಾಯ ಗೇಣಿದಾರರು ನಮೂನೆ 7ರಲ್ಲಿ ಕೊಟ್ಟ ಅರ್ಜಿಗಳನ್ನು ನಿರ್ಣಯಿಸಿದ್ದು ಭೂನ್ಯಾಯ ಮಂಡಳಿ. ತಿಕೋಟಾ-ಬಬಲೇಶ್ವರಗಳ ಇಂಥ ಹಳೆಯ ಕಡತಗಳು ವಿಜಯಪುರ ತಾಲೂಕಿನ ಕಾಲದಲ್ಲಿ ಹುಟ್ಟಿದವು. ಆದ್ದರಿಂದ ಹೊಸ ಕಚೇರಿಯಲ್ಲಿ ಇಲ್ಲವೆಂದರೆ ಅಲ್ಲಿಗೇ ಬಿಡದೆ ಹಳೆಯ ಕಚೇರಿಯಲ್ಲಿಯೂ ಬರವಣಿಗೆಯಿಂದಲೇ ಕೇಳತಕ್ಕದ್ದು.

ಈಗ ಅಧಿಕಾರಿಗಳಿಗೆ ಎರಡು ಮಾತು. ಇ-ಕೋರ್ಟು ಯೋಜನೆಯ ಮೂರನೆಯ ಹಂತಕ್ಕೆ ಭಾರತ ಸರಕಾರವು 2023ರಲ್ಲಿ 7,210 ಕೋಟಿ ರೂಪಾಯಿಗಳನ್ನು ಮಂಜೂರುಮಾಡಿದೆ. ಹಳೆಯ ಕಾಗದಗಳ ಗಣಕೀಕರಣವೂ ಅದರಲ್ಲಿ ಸೇರಿದೆ. ಈ ಹಣದ ಫಲವು ತಿಕೋಟಾ, ಬಬಲೇಶ್ವರಗಳ ವರೆಗೆ ಮುಟ್ಟಬೇಕು. ಎಲ್ಲಿ ಕೇಳಬೇಕು, ಶುಲ್ಕವೆಷ್ಟು, ಎಷ್ಟು ದಿನದಲ್ಲಿ ನಕಲು ದೊರೆಯುವದು ಎಂಬದನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಪ್ರತಿ ಕೋರ್ಟಿನ, ಪ್ರತಿ ತಾಲೂಕು ಕಚೇರಿಯ ಬಾಗಿಲಲ್ಲಿ ಬರೆದಿಡಬೇಕು. ಕಾಗದಗಳನ್ನು ನಾಶಮಾಡುವ ಮೊದಲು ಅವುಗಳ ಯಾದಿಯನ್ನು ಊರೂರಿಗೆ ತಿಳಿಸಬೇಕು. ಹಾಯಕೋರ್ಟಿನ ವ್ಯವಹಾರವು ರಾಜ್ಯಘಟನೆಯ 348ನೆಯ ಕಲಮಿನಂತೆ ಇಂಗ್ಲಿಷಿನಲ್ಲಿ ನಡೆಯುವದಾದರೂ, ತನ್ನ ಹೊಲದ ನಿರ್ಣಯವನ್ನು ರೈತನು ಕನ್ನಡದಲ್ಲಿ ಓದುವಂತೆ ಅನುವಾದ ಕೊಡಿಸುವದಕ್ಕೆ ಯಾವ ಅಡ್ಡಿಯೂ ಇರಬಾರದು. ಕನ್ನಡ ಪ್ರಾಂತದಲ್ಲಿ ಕನ್ನಡಿಗನು ತನ್ನ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವ ಸ್ಥಿತಿಯಿರುವ ವರೆಗೆ ಏಕೀಕರಣದ ಕೆಲಸವು ಮುಗಿಯಿತೆಂದು ನಾವು ಒಪ್ಪಲಾರೆವು.

ಆದರೆ ಸರಕಾರವು ಎಲ್ಲವನ್ನೂ ಮಾಡಲೆಂದು ಕೈಕಟ್ಟಿ ಕೂಡ್ರುವದು ಈ ಊರಿಗೆ ಒಪ್ಪುವದಿಲ್ಲ. ಇದೇ ಊರಿನ ವಕೀಲರಾದ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಹಾಳಾಗುತ್ತಿದ್ದ ತಾಳೆಗರಿಯ ಕಟ್ಟುಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಅವರು ಯಾರ ಅಪ್ಪಣೆಗೂ ಕಾಯಲಿಲ್ಲ. ಅಷ್ಟು ದೊಡ್ಡ ಕಾರ್ಯವನ್ನು ನಾವು ಎಲ್ಲರಿಂದಲೂ ಬೇಡುವದಿಲ್ಲ. ಹಳ್ಳಿಯ ಮಾಸ್ತರರು ವಾರಕ್ಕೊಂದು ಸಂಜೆ ಶಾಲೆಯ ಕಟ್ಟೆಯ ಮೇಲೆ ಕುಳಿತು ಊರವರ ಖಟ್ಲೆಗಳ ನಂಬರು, ಇಸವಿ, ಕೋರ್ಟುಗಳನ್ನು ಒಂದು ವಹಿಯಲ್ಲಿ ಬರೆದಿಡಲಿ. ಪಟ್ಟಣದ ಕಲಿತವರು ನಕಲಿನ ಅರ್ಜಿಯನ್ನು ಬರೆದುಕೊಡಲಿ. ವಕೀಲ ಬಂಧುಗಳು ಮುಗಿದ ಖಟ್ಲೆಯ ತೀರ್ಪಿನ ನಕಲನ್ನು ಕಕ್ಷಿದಾರನ ಕೈಗಿತ್ತು, ಅದರ ಅರ್ಥವನ್ನು ಕನ್ನಡದಲ್ಲಿ ತಿಳಿಸಿ ಕಳಿಸಲಿ. ಬರುವ ಸುಗ್ಗಿಯೊಳಗಾಗಿ ತಿಕೋಟಾ-ಬಬಲೇಶ್ವರಗಳ ಪ್ರತಿ ಊರಿನಲ್ಲಿಯೂ ಇಂಥದೊಂದು ವಹಿಯು ಸಿದ್ಧವಾಗಲೆಂಬದು ನಮ್ಮ ಬಿನ್ನಹ.