ಒಂದಕ್ಕೆ, ಎರಡಕ್ಕೆ ಹೋಗಲು ತಡವಾಗಿ ಕಲಿಯುವ ಮಗು

ತರಗತಿಯಲ್ಲಿ ಕಿರುಬೆರಳನ್ನೆತ್ತಿ 'ಒಂದಕ್ಕೆ ಹೋಗಿ ಬರಲೇ, ಸಾರ್?' ಎಂದು ಅಪ್ಪಣೆ ಬೇಡದ ವಿದ್ಯಾರ್ಥಿಯು ಕನ್ನಡನಾಡಿನಲ್ಲಿ ಇರಲಾರನು. ಆ ಕಿರುಬೆರಳಿನ ಹಿಂದೆ ಎಂತಹ ಕಠಿನವಾದ ವಿದ್ಯೆಯೊಂದು ಅಡಗಿದೆಯೆಂಬುದನ್ನು ಮಾತ್ರ ನಾವಾರೂ ಯೋಚಿಸುವುದಿಲ್ಲ. ಮೂತ್ರಾಶಯವು ತುಂಬುತ್ತಿದೆಯೆಂದು ಅರಿಯಬೇಕು. ಅರಿವು ಬಂದೊಡನೆ ವಿಸರ್ಜಿಸದೆ ತಡೆದಿರಬೇಕು. ತಕ್ಕ ಸ್ಥಳವನ್ನು ನೆನೆದು ಅಲ್ಲಿಗೆ ನಡೆದುಹೋಗಿ ಉಡುಪನ್ನು ಕಳಚಬೇಕು. ಇಷ್ಟು ಹೊತ್ತು ಬಿಗಿಹಿಡಿದಿದ್ದುದನ್ನು ಆಗ ಬೇಕೆಂದೇ ಸಡಿಲಬಿಡಬೇಕು. ಬಹುಮಂದಿ ಮಕ್ಕಳು ಎರಡರಿಂದ ನಾಲ್ಕು ವರ್ಷಗಳೊಳಗೆ ಇದನ್ನು ಕಲಿತುಬಿಡುತ್ತಾರೆ. ಕೆಲವರು ಕಲಿಯುವುದಿಲ್ಲ. ನಾಲ್ಕು ತುಂಬುತ್ತ ಬಂದರೂ ಅವರಿಗೆ ಡಯಾಪರ್ ತಪ್ಪುವುದಿಲ್ಲ. ತಪ್ಪಿಸಿದರೆ ಚಡ್ಡಿ ಒದ್ದೆಯಾಗುವುದೂ ತಪ್ಪುವುದಿಲ್ಲ.

ವಿಜ್ಞಾನದ ಪತ್ರಿಕೆಯಲ್ಲಿ ಇದೆಂತಹ ವಿಷಯವೆಂದು ಕೆಲವು ವಾಚಕರು ಮೂಗು ಮುರಿಯಬಹುದು. ಹೃದಯದ ಮಿಡಿತವನ್ನೂ ಕಣ್ಣಿನ ಮಸೂರವನ್ನೂ ಕುರಿತು ಗೌರವದಿಂದ ಓದುವ ನಾವು ಮೂತ್ರಾಶಯದ ಮಾತು ಬಂದೊಡನೆ ನಾಚುತ್ತೇವೆ. ಈ ನಾಚಿಕೆಗೆ ಬೆಲೆ ತೆರುವವರು ಮಾತ್ರ ಚಿಕ್ಕ ಮಕ್ಕಳು. ತಡವಾಗಿ ಕಲಿಯುವ ಮಗುವನ್ನು ಕಂಡರೆ ಜನರು ಒಡನೆಯೇ ತೀರ್ಪು ಕೊಟ್ಟುಬಿಡುತ್ತಾರೆ: ಮಗು ಹಟಮಾರಿ, ಇಲ್ಲವೇ ತಾಯಿ ಸೋಮಾರಿ. ಈ ಎರಡು ತೀರ್ಪುಗಳೂ ಬಹುಮಟ್ಟಿಗೆ ಶರೀರಶಾಸ್ತ್ರಕ್ಕೆ ವಿರುದ್ಧವಾದುವು ಎಂಬುದೇ ನನ್ನ ವಾದ.

ಮೊದಲು ಯಂತ್ರವನ್ನು ನೋಡೋಣ. ಮೂತ್ರಪಿಂಡಗಳಿಂದ ಹನಿಹನಿಯಾಗಿ ಇಳಿದುಬರುವ ಮೂತ್ರವು ಮೂತ್ರಾಶಯವೆಂಬ ಸ್ನಾಯುವಿನ ಚೀಲದಲ್ಲಿ ಸಂಗ್ರಹವಾಗುತ್ತದೆ. ಚೀಲದ ಬಾಯಲ್ಲಿ ಉಂಗುರದಂತಹ ಸ್ನಾಯುಗಳಿವೆ. ಒಳಗಿನದು ನಮ್ಮ ಇಚ್ಛೆಗೆ ಒಳಪಟ್ಟುದಲ್ಲ, ಹೊರಗಿನದು ಒಳಪಟ್ಟುದು. ಚೀಲದ ಸ್ನಾಯು ಸಂಕುಚಿಸುವಾಗ ಉಂಗುರಗಳು ಸಡಿಲಬೇಕು. ಉಂಗುರಗಳು ಬಿಗಿದಿರುವಾಗ ಚೀಲವು ಸಡಿಲವಾಗಿರಬೇಕು. ಈ ಹೊಂದಾಣಿಕೆಯನ್ನು ನಡೆಸುವ ಕೇಂದ್ರವೊಂದು ಮಿದುಳಿನ ಕಾಂಡದಲ್ಲಿದೆ. ಬ್ಯಾರಿಂಗ್ಟನ್ ಎಂಬ ಆಂಗ್ಲ ಸಂಶೋಧಕನು 1925ರಲ್ಲಿ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ ಇದನ್ನು ವಿವರಿಸಿದನು. ಈ ಕೇಂದ್ರಕ್ಕೆ 'ಈಗ ಬೇಡ, ತಾಳು' ಎಂದು ಆಜ್ಞೆ ಮಾಡುವ ಅಧಿಕಾರವು ಮಿದುಳಿನ ಮುಂಭಾಗದ್ದು. ಆ ಮುಂಭಾಗವು ನಿಧಾನವಾಗಿ ಪಕ್ವವಾಗುವ ಅಂಗವೆಂಬುದನ್ನು ಜೀವಶಾಸ್ತ್ರವನ್ನೋದಿದ ವಿದ್ಯಾರ್ಥಿಗಳು ಬಲ್ಲರಷ್ಟೆ. ನವಜಾತ ಶಿಶುವು ದಿನಕ್ಕೆ ಸುಮಾರು 20 ಸಲ ಮೂತ್ರ ಮಾಡುತ್ತದೆ. ಮೂರು ವರ್ಷದ ಮಗುವಿನ ಮೂತ್ರಾಶಯದಲ್ಲಿ ಹಿಡಿಯುವುದು ಅಂದಾಜು 120 ಮಿಲಿಲೀಟರು. ಸಣ್ಣದೊಂದು ಕಾಫಿ ಲೋಟದಷ್ಟು.

ಪಕ್ವತೆಗೂ ಶಿಕ್ಷಣಕ್ಕೂ ಇರುವ ಸಂಬಂಧವನ್ನು ಅಮೆರಿಕದ ಮರ್ಟಲ್ ಮೆಕ್‌ಗ್ರಾ ಎಂಬ ಮನಶ್ಶಾಸ್ತ್ರಜ್ಞೆ ಅವಳಿ ಮಕ್ಕಳ ಮೇಲೆ ಪರೀಕ್ಷಿಸಿ 1940ರಲ್ಲಿ ಪ್ರಕಟಿಸಿದಳು. ಅವಳಿಗಳಲ್ಲಿ ಒಂದು ಮಗುವನ್ನು ಮೊದಲ ಕೆಲವು ತಿಂಗಳುಗಳಿಂದಲೇ ಹೊತ್ತುಹೊತ್ತಿಗೆ ಶೌಚದ ಪಾತ್ರೆಯ ಮೇಲೆ ಕೂರಿಸಲಾಯಿತು. ಇನ್ನೊಂದನ್ನು ಬಹುಕಾಲ ಹಾಗೆಯೇ ಬಿಡಲಾಯಿತು. ತಡವಾಗಿ ಆರಂಭಿಸಿದ ಮಗು ಸ್ವಲ್ಪ ಕಾಲದಲ್ಲಿಯೇ ಮೊದಲಿನದರ ಸರಿಸಮಕ್ಕೆ ಬಂದಿತು. ಮೊದಲಿನದಕ್ಕೆ ಪಟ್ಟ ಶ್ರಮದಿಂದ ಶಾಶ್ವತವಾದ ಲಾಭವೇನೂ ಕಾಣಲಿಲ್ಲ.

ಇಲ್ಲಿ ನಮ್ಮ ಅಜ್ಜಿಯರು ಆಕ್ಷೇಪವೆತ್ತುತ್ತಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. 'ನಮ್ಮ ಕಾಲದಲ್ಲಿ ಡಯಾಪರೆಲ್ಲಿತ್ತು? ಕಾಲಮೇಲೆ ಕೂರಿಸಿಕೊಂಡು ಸ್ಸ್... ಎಂದರೆ ಆರು ತಿಂಗಳ ಕೂಸೂ ಮಾಡಿ ಮುಗಿಸುತ್ತಿತ್ತು' ಎನ್ನುತ್ತಾರೆ. ಇದು ನಿಜ. ಪೂರ್ವ ಆಫ್ರಿಕದ ಡಿಗೊ ಜನರಲ್ಲಿ ತಾಯಂದಿರು ಹುಟ್ಟಿದ ಕೆಲವೇ ವಾರಗಳಲ್ಲಿ ಇಂತಹ ಅಭ್ಯಾಸವನ್ನು ಆರಂಭಿಸಿ, ನಾಲ್ಕರಿಂದ ಆರು ತಿಂಗಳೊಳಗೆ ಫಲ ಕಾಣುವರೆಂದು 1977ರಲ್ಲಿ ಒಂದು ವರದಿಯು ಹೊರಬಂದಿತು. ಪಾವ್‌ಲೋವನ ನಾಯಿಯ ಪ್ರಯೋಗವನ್ನು ಓದಿದವರಿಗೆ ಇದು ಸೋಜಿಗವಾಗಬೇಕಾಗಿಲ್ಲ. ಸದ್ದಿಗೂ ವಿಸರ್ಜನೆಗೂ ಗಂಟುಬೀಳುತ್ತದೆ. ಆದರೆ ಅಲ್ಲಿ ಹೊತ್ತನ್ನರಿಯುವವಳು ತಾಯಿ, ಎತ್ತಿಕೊಂಡು ಹೋಗುವವಳು ತಾಯಿ, ಸೂಚನೆ ಕೊಡುವವಳೂ ತಾಯಿ. ತಾನೇ ಅರಿತು, ತಡೆದು, ತಾನೇ ನಡೆದುಹೋಗುವ ವಿದ್ಯೆ ಬೇರೆ. ಅದಕ್ಕೂ ಮಿಗಿಲಾಗಿ, ದಿನವಿಡೀ ಕೂಸನ್ನು ಮೈಗಂಟಿಸಿಕೊಂಡಿರುವ ಒಬ್ಬರು ಮನೆಯಲ್ಲಿರಬೇಕು. ಬೆಳಗ್ಗೆ ಎಂಟಕ್ಕೆ ಬಸ್ಸು ಹಿಡಿಯುವ ತಾಯಿಗೆ ಈ ಉಪದೇಶ ಮಾಡುವವರು, ಆ ಎಂಟು ಗಂಟೆಗಳ ಕಾಲ ಕೂಸನ್ನು ತಮ್ಮ ಕಾಲಮೇಲೆ ಕೂರಿಸಿಕೊಳ್ಳುವರೇ ಎಂದು ಕೇಳಬೇಕು.

ಅಜ್ಜಿಯರು ಡಯಾಪರಿನ ಮೇಲೆ ಹೊರಿಸುವ ದೂರಿನಲ್ಲಿಯೂ ಅರ್ಧ ಸತ್ಯವಿದೆ. ಒಮ್ಮೆ ಬಳಸಿ ಎಸೆಯುವ ಡಯಾಪರುಗಳು 1961ರಲ್ಲಿ ಅಮೆರಿಕದಲ್ಲಿ ಪ್ಯಾಂಪರ್ಸ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದುವು. 1980ರ ದಶಕದಲ್ಲಿ ಅವುಗಳ ಹೊಟ್ಟೆಯೊಳಗೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪುಡಿ ಸೇರಿತು. ಈ ಪುಡಿಯು ಶುದ್ಧ ನೀರನ್ನಾದರೆ ತನ್ನ ತೂಕದ ನೂರಾರು ಪಟ್ಟು ಹೀರಿ ಮುದ್ದೆಯಾಗುತ್ತದೆ. ಲವಣವಿರುವುದರಿಂದ ಮೂತ್ರವನ್ನು ಹೀರುವುದು ಅದಕ್ಕಿಂತ ಬಹಳ ಕಡಮೆ, ಆದರೂ ಮಗುವಿನ ಚರ್ಮವನ್ನು ಒಣಗಿರಿಸಲು ಸಾಕು. ಬಟ್ಟೆಯ ಲಂಗೋಟಿಯಲ್ಲಿ ಒದ್ದೆಯ ಅರಿವು ಕೂಡಲೇ ಆಗುತ್ತಿತ್ತು, ಇಲ್ಲಿ ಆಗುವುದಿಲ್ಲ. ಕಾರ್ಯಕ್ಕೂ ಫಲಕ್ಕೂ ನಡುವಣ ಕೊಂಡಿ ಮರೆಯಾದಾಗ ಕಲಿಕೆ ನಿಧಾನವಾಗುವುದು ಸಹಜವೇ. ಹಾಗೆಂದು ನಾಲ್ಕು ವರ್ಷದ ಮಗುವಿನ ಡಯಾಪರನ್ನು ಒಂದು ದಿನ ಕಿತ್ತೆಸೆದು 'ಇನ್ನು ಕಲಿ' ಎನ್ನುವುದು, ಈಜಲಾರದವನನ್ನು ಬಾವಿಗೆ ತಳ್ಳಿದಂತೆ.

ಪಾಶ್ಚಾತ್ಯರಲ್ಲಿ ಈ ವಿಷಯದಲ್ಲಿ ಎರಡು ಪಂಥಗಳಿವೆ. ಬ್ರೇಜಲ್ಟನ್ ಎಂಬ ಮಕ್ಕಳ ವೈದ್ಯನು 1962ರಲ್ಲಿ ತನ್ನಲ್ಲಿಗೆ ಬರುತ್ತಿದ್ದ 1,170 ಮಕ್ಕಳ ವಿವರವನ್ನು ಪ್ರಕಟಿಸಿ, ಮಗು ತಾನಾಗಿ ಸಿದ್ಧವಾಗುವವರೆಗೆ ಕಾಯಿರಿ ಎಂದನು. ಅವರು ಹಗಲಿನ ಹಿಡಿತವನ್ನು ಸಾಧಿಸಿದ ಸರಾಸರಿ ವಯಸ್ಸು 28.5 ತಿಂಗಳು. ಅಜ್ರಿನ್ ಮತ್ತು ಫಾಕ್ಸ್ ಎಂಬಿಬ್ಬರು 1973ರಲ್ಲಿ, ಹೆಚ್ಚು ನೀರು ಕುಡಿಸಿ, ಮತ್ತೆಮತ್ತೆ ಅಭ್ಯಾಸ ಮಾಡಿಸಿ, ಬಹುಮಾನ ಕೊಟ್ಟು, 34 ಮಕ್ಕಳಿಗೆ ಸರಾಸರಿ ನಾಲ್ಕು ಗಂಟೆಗಳಲ್ಲಿ ಕಲಿಸಿದೆವೆಂದರು. 2003ರ ಒಂದು ಅಧ್ಯಯನದಲ್ಲಿ, 27 ತಿಂಗಳಿಗೆ ಮುಂಚೆ ತೀವ್ರವಾದ ಶಿಕ್ಷಣವನ್ನು ಆರಂಭಿಸಿದವರಿಗೆ ಹೆಚ್ಚು ಕಾಲ ಹಿಡಿಯಿತೇ ಹೊರತು ಬೇಗ ಮುಗಿಯಲಿಲ್ಲವೆಂದು ಕಂಡುಬಂದಿತು. ನನಗೆ ಬ್ರೇಜಲ್ಟನ್ನನ ಮಾರ್ಗವೇ ಹೆಚ್ಚು ಒಪ್ಪಿಗೆ. ಆದರೆ ಅದರಲ್ಲೊಂದು ಅಪಾಯವಿದೆ. ಕಾಯಿರಿ ಎಂಬುದು ಕೈಕಟ್ಟಿ ಕುಳಿತಿರಿ ಎಂದಾಗಿಬಿಡುತ್ತದೆ. ಎರಡು ವರ್ಷದ ಮಗುವಿಗೆ ಕಾಯುವುದು ಸರಿ. ನಾಲ್ಕಾದ ಮೇಲೂ ಬರಿದೆ ಕಾಯುತ್ತಿದ್ದರೆ, ಹುಡುಕಬೇಕಾದ ಕಾರಣವೊಂದನ್ನು ಹುಡುಕದೆ ಬಿಟ್ಟಂತಾಗುತ್ತದೆ.

ಆ ಕಾರಣವು ಬಹು ಸಲ ಮೂತ್ರಾಶಯದಲ್ಲಿರುವುದಿಲ್ಲ. ಅದರ ಹಿಂದೆ ನೆರೆಯಲ್ಲಿರುವ ಮಲಾಶಯದಲ್ಲಿರುತ್ತದೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಮನೆಗಳಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ದೊಡ್ಡಕರುಳಿನ ಮುಖ್ಯ ಕೆಲಸಗಳಲ್ಲೊಂದು ನೀರನ್ನು ಹೀರುವುದು. ಮಲವು ಅಲ್ಲಿ ತಂಗಿದಷ್ಟೂ ಒಣಗುತ್ತದೆ, ಗಟ್ಟಿಯಾಗುತ್ತದೆ. ಒಂದು ದಿನ ಮಗುವಿಗೆ ಗಟ್ಟಿಯಾದ ಮಲದಿಂದ ನೋವಾಯಿತೆನ್ನಿ. ಮರುದಿನ ಸೂಚನೆ ಬಂದಾಗ ಅದು ಹೆದರಿ ತಡೆಹಿಡಿಯುತ್ತದೆ. ಕಾಲುಗಳನ್ನು ಹೆಣೆದುಕೊಂಡು, ತುದಿಗಾಲಲ್ಲಿ ನಿಂತು, ಬಾಗಿಲ ಮರೆಯಲ್ಲಿ ಮುಖ ಕೆಂಪಗೆ ಮಾಡಿಕೊಂಡು ನಿಲ್ಲುತ್ತದೆ. ಮಗು ಹೊರಹಾಕಲು ತಿಣುಕುತ್ತಿದೆಯೆಂದು ಹಿರಿಯರು ತಿಳಿಯುತ್ತಾರೆ. ನಿಜವಾಗಿ ಅದು ಒಳಗಿರಿಸಿಕೊಳ್ಳಲು ಹೆಣಗುತ್ತಿರುತ್ತದೆ. ತಡೆದುದರಿಂದ ಮಲವು ಇನ್ನೂ ಗಟ್ಟಿಯಾಗುತ್ತದೆ, ನೋವು ಇನ್ನೂ ಹೆಚ್ಚುತ್ತದೆ, ಹೆದರಿಕೆ ಬೇರೂರುತ್ತದೆ. ವಾರಗಟ್ಟಲೆ ಹೀಗಾದಾಗ ಮಲಾಶಯವು ಹಿಗ್ಗಿ, ತುಂಬಿದುದರ ಅರಿವನ್ನೇ ಕಳೆದುಕೊಳ್ಳುತ್ತದೆ. ಆಮೇಲೆ ಗಟ್ಟಿ ಮಲದ ಸುತ್ತಿನಿಂದ ತೆಳುಮಲವು ಮಗುವಿಗೆ ಗೊತ್ತಿಲ್ಲದೆಯೇ ಜಿನುಗಿ ಚಡ್ಡಿಯನ್ನು ಕೊಳೆಮಾಡುತ್ತದೆ. ಮನೆಯವರು ಇದನ್ನು ಭೇದಿಯೆಂದು ತಿಳಿದು ಅದಕ್ಕೆ ಮದ್ದು ಕೊಡುವುದೂ ಉಂಟು!

ಹಿಗ್ಗಿದ ಮಲಾಶಯವು ನೆರೆಯ ಮೂತ್ರಾಶಯವನ್ನೂ ಒತ್ತುತ್ತದೆ. ಲೋನಿಂಗ್-ಬೌಕೆ ಎಂಬ ವೈದ್ಯೆ 1997ರಲ್ಲಿ, ಬಹುಕಾಲದ ಮಲಬದ್ಧತೆಯಿದ್ದ 234 ಮಕ್ಕಳ ವಿವರವನ್ನು ಪ್ರಕಟಿಸಿದಳು. ಅವರಲ್ಲಿ ನೂರಕ್ಕೆ 29 ಮಂದಿ ಹಗಲಿನಲ್ಲಿಯೂ 34 ಮಂದಿ ರಾತ್ರಿಯಲ್ಲಿಯೂ ಬಟ್ಟೆಯನ್ನು ಒದ್ದೆಮಾಡಿಕೊಳ್ಳುತ್ತಿದ್ದರು. ಚಿಕಿತ್ಸೆಯಿಂದ ಮಲಬದ್ಧತೆ ನೀಗಿದವರಲ್ಲಿ, ಹಗಲಿನ ತೊಂದರೆಯಿದ್ದ ನೂರಕ್ಕೆ 89 ಮಂದಿಗೆ ಅದು ನಿಂತುಹೋಯಿತು. ರಾತ್ರಿಯದು ನೂರಕ್ಕೆ 63 ಮಂದಿಗೆ. ಮೂತ್ರಕ್ಕೆಂದು ಬೇರೆ ಬೈಗುಳವನ್ನಾಗಲಿ ಬಹುಮಾನವನ್ನಾಗಲಿ ಹುಡುಕುವ ಮುನ್ನ ಕರುಳಿನ ಕಡೆ ನೋಡಬೇಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಹಾಲು ಬಿಸ್ಕತ್ತುಗಳಲ್ಲೇ ಹೊಟ್ಟೆ ತುಂಬಿಸಿಕೊಂಡು ಸೊಪ್ಪು, ಕಾಳು, ಹಣ್ಣುಗಳನ್ನು ಮುಟ್ಟದ ಮಕ್ಕಳ ಮನೆಗಳಲ್ಲಿ ಇದನ್ನು ಮೊದಲು ಶಂಕಿಸಬೇಕು. ಗಟ್ಟಿಯಾದ ಮಲವನ್ನು ಮೃದುಮಾಡುವ ಔಷಧಗಳುಂಟು. ವೈದ್ಯರು ಅವನ್ನು ತಿಂಗಳುಗಟ್ಟಲೆ ಕೊಡುತ್ತಾರೆ. ಹಿಗ್ಗಿದ ಮಲಾಶಯವು ಮೊದಲಿನ ಸ್ಥಿತಿಗೆ ಮರಳಲು ಅಷ್ಟು ಕಾಲ ಬೇಕಾಗುವುದರಿಂದ, ನಾಲ್ಕು ದಿನ ಸರಿಹೋಯಿತೆಂದು ಮನೆಯವರು ಔಷಧವನ್ನು ನಿಲ್ಲಿಸಿಬಿಟ್ಟರೆ ಎಲ್ಲವೂ ಮೊದಲಿನಂತೆಯೇ ಆಗುತ್ತದೆ.

ಕೂರುವ ಪೀಠವೂ ಲೆಕ್ಕಕ್ಕೆ ಬರುತ್ತದೆ. ಕುಕ್ಕುರುಗಾಲಲ್ಲಿ ಕುಳಿತಾಗ ಮಲಾಶಯದ ಕೆಳತುದಿಯ ಬಾಗು ನೇರವಾಗುತ್ತದೆ. ನಮ್ಮ ದೇಶದ ಪದ್ಧತಿಗೆ ಈ ಒಂದು ಅನುಕೂಲವಿದೆ. ಆದರೆ ಹಿರಿಯರ ಅಳತೆಯ ಗುಂಡಿಯು ಮಗುವಿಗೆ ಪಾತಾಳದಂತೆ ಕಾಣುತ್ತದೆ. ಎತ್ತರದ ಕಮೋಡಿನ ಮೇಲೆ ಕೂರಿಸಿದರೆ ಕಾಲುಗಳು ಜೋಲಾಡುತ್ತವೆ. ಬೀಳುವೆನೆಂಬ ಭಯದಿಂದ ತೊಡೆಗಳು ಬಿಗಿದಿರುವಾಗ ಉಂಗುರ ಸ್ನಾಯುಗಳು ಸಡಿಲುವುದು ಕಷ್ಟ. ಪಾದಗಳ ಕೆಳಗೊಂದು ಮಣೆಯನ್ನಿಟ್ಟರೆ ಅರ್ಧ ಕೆಲಸವಾದಂತೆ. ಹೊತ್ತನ್ನೂ ಕರುಳೇ ಹೇಳುತ್ತದೆ. ಊಟವಾದ ಸ್ವಲ್ಪ ಹೊತ್ತಿನಲ್ಲಿ ದೊಡ್ಡಕರುಳು ತಾನಾಗಿಯೇ ಚಲಿಸತೊಡಗುವುದರಿಂದ, ಬೆಳಗಿನ ತಿಂಡಿಯ ತರುವಾಯ ಐದು ನಿಮಿಷ ನೆಮ್ಮದಿಯಿಂದ ಕೂರಿಸುವುದು ದಿನಕ್ಕೆ ಹತ್ತು ಸಲ ಗದರಿಸಿ ಕೂರಿಸುವುದಕ್ಕಿಂತ ಮೇಲು. ಡೌನ್ ಸಿಂಡ್ರೋಮ್, ಆಟಿಸಂ ಮೊದಲಾದುವುಗಳಿರುವ ಮಕ್ಕಳಿಗೂ ಇದೇ ಮಾರ್ಗ. ಹೆಜ್ಜೆಗಳು ಇನ್ನೂ ಚಿಕ್ಕವು, ಕಾಲ ಇನ್ನೂ ಹೆಚ್ಚು. ಅಂತಹ ಮಗುವಿಗೆ ಆರೇಳು ವರ್ಷದವರೆಗೆ ಡಯಾಪರ್ ಬೇಕಾದರೆ ಅದು ಕನ್ನಡಕದಂತೆ ಒಂದು ಸಾಧನ, ಅಷ್ಟೆ.

ಗದರಿಕೆಯ ಮಾತು ಬಂದುದರಿಂದ ಹೇಳುತ್ತೇನೆ. ಒದ್ದೆ ಚಡ್ಡಿಗಾಗಿ ಹೊಡೆಯುವುದು, ಬರೆ ಹಾಕುವೆನೆಂದು ಬೆದರಿಸುವುದು, ನೆಂಟರ ಮುಂದೆ ನಗೆಯಾಡುವುದು ನಮ್ಮ ಮನೆಗಳಲ್ಲಿ ಇನ್ನೂ ನಡೆದಿದೆ. ಇದು ಕ್ರೌರ್ಯವೆಂಬುದು ಒತ್ತಟ್ಟಿಗಿರಲಿ. ಕಾರ್ಯಸಾಧನೆಯ ದೃಷ್ಟಿಯಿಂದಲೂ ವ್ಯರ್ಥ. ಮೂತ್ರ ಮಲಗಳ ವಿಸರ್ಜನೆಗೆ ಬೇಕಾದುದು ಸ್ನಾಯುಗಳ ಸಡಿಲಿಕೆ. ಭಯವು ಮಾಡುವುದು ಬಿಗಿತವನ್ನು. ಪೆಟ್ಟು ತಿಂದ ಮಗುವು ಶೌಚಾಲಯಕ್ಕೆ ಹೋಗಲು ಕಲಿಯುವುದಿಲ್ಲ, ಮುಚ್ಚಿಡಲು ಕಲಿಯುತ್ತದೆ. ರಾತ್ರಿ ಹಾಸಿಗೆ ಒದ್ದೆಯಾಗುವುದಂತೂ ನಿದ್ರೆಯಲ್ಲಿ ಆಗುವ ಸಂಗತಿ. ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಇದು ಇರುತ್ತದೆ. ಅದಕ್ಕೆ ಶಿಕ್ಷೆ ಕೊಡುವುದೂ ಗೊರಕೆಗೆ ಶಿಕ್ಷೆ ಕೊಡುವುದೂ ಒಂದೇ.

ವೈದ್ಯರಲ್ಲಿಗೆ ಕರೆದೊಯ್ಯಬೇಕಾದ ಸಂದರ್ಭಗಳನ್ನು ಮನೆಯ ದೊಡ್ಡ ಮಕ್ಕಳೂ ತಿಳಿದಿರುವುದು ಒಳ್ಳೆಯದು. ನಾಲ್ಕು ವರ್ಷ ಕಳೆದರೂ ಹಗಲಿನ ಹಿಡಿತ ಬಾರದಿದ್ದರೆ, ತಿಂಗಳುಗಟ್ಟಲೆ ಸರಿಯಾಗಿದ್ದು ಮತ್ತೆ ಕೆಟ್ಟರೆ, ಮೂತ್ರ ಮಾಡುವಾಗ ಉರಿಯಿದ್ದರೆ, ಯಾವಾಗಲೂ ಹನಿಯುತ್ತಲೇ ಇದ್ದರೆ, ಕಾಲುಗಳಲ್ಲಿ ನಿಶ್ಶಕ್ತಿ ಕಂಡರೆ ತಡಮಾಡಲಾಗದು. ಮಗು ವಿಪರೀತ ಬಾಯಾರಿ ಬಹಳ ನೀರು ಕುಡಿಯುತ್ತಿದ್ದರೆ ಅದು ಮಧುಮೇಹವಾಗಿರಬಹುದು, ಅಂದೇ ಹೋಗಬೇಕು.

ಇನ್ನುಳಿದುದು ಶಾಲೆಗಳ ವಿಷಯ. ಡಯಾಪರ್ ಬಿಟ್ಟ ಮಗುವನ್ನು ಮಾತ್ರ ಸೇರಿಸಿಕೊಳ್ಳುವೆವೆಂಬ ನಿಯಮವನ್ನು ನಮ್ಮ ನಗರಗಳ ಕೆಲವು ಶಿಶುವಿಹಾರಗಳು ಇಟ್ಟುಕೊಂಡಿವೆ. ಮೂರು ವರ್ಷದ ಮಗುವಿನ ಮೂತ್ರಾಶಯಕ್ಕೆ ಜೂನ್ ತಿಂಗಳ ಮೊದಲ ವಾರವೆಂಬ ಗಡುವನ್ನು ಹೀಗೆ ಗೊತ್ತುಮಾಡಿದಾಗ, ಮೇ ತಿಂಗಳಿಡೀ ಮನೆಯಲ್ಲಿ ಯುದ್ಧ ನಡೆಯುತ್ತದೆ. ಆ ಯುದ್ಧದಲ್ಲಿಯೇ ಎಷ್ಟೋ ಮಕ್ಕಳು ತಡೆಹಿಡಿಯುವುದನ್ನು ಕಲಿಯುತ್ತಾರೆ. ಕಡ್ಡಾಯ ಶಿಕ್ಷಣದ 2009ರ ಕಾಯಿದೆಯು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಸರಿ. ಆದರೆ ಅದರ ಹಕ್ಕು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ಮೂರು ನಾಲ್ಕು ವರ್ಷದ ಮಗು ಅದರ ಅಂಚಿನಾಚೆ ನಿಂತಿದೆ. ಈ ಪ್ರವೇಶ ನಿಯಮವನ್ನು ಸಂಸ್ಥೆಗಳು ತಾವಾಗಿಯೇ ಕೈಬಿಡಬೇಕು. ಅದರ ಬದಲಿಗೆ ಅವರಿಗೆ ಬೇಕಾಗುವುದು ಪ್ರತಿ ಮಗುವಿನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಮಗುವಿನ ಅಳತೆಯ ಒಂದು ಪೀಠ, ನೀರಿರುವ ಒಂದು ನಲ್ಲಿ, ಒಳಗೆ ಬೆಳಕಿರುವ ಒಂದು ಬಾಗಿಲು, ಮತ್ತು ತಿಂಡಿಯ ಬಿಡುವಿನ ತರುವಾಯ ಯಾರನ್ನೂ ಕೇಳದೆ ಹೋಗಿಬರಬಹುದಾದ ಹತ್ತು ನಿಮಿಷಗಳು.